ನೂರ ಅರವತ್ತಮೂರನೆಯ ಕಳೆ

ಉತ್ತರ ದ್ವೀಪಗಳ ಕಡಲಕಳೆಗಳ ಬಗ್ಗೆ ಸರ್ಕಾರದ ಸಮೀಕ್ಷೆಯ ಕಚೇರಿಯವರು ಅಚ್ಚು ಹಾಕಿಸಿದ ಹಸಿರು ರಟ್ಟಿನ ಪುಸ್ತಕದಲ್ಲಿ, ನಮ್ಮ ಹೌರ್ಸೇ ದ್ವೀಪದ ಪಟ್ಟಿಯ ಕೊನೆಗೆ, ನೂರ ಅರವತ್ತಮೂರನೆಯ ಹೆಸರಿನ ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಇದೆ. ಅದರ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ. ತಿಂಗಳಿಗೊಮ್ಮೆ ಹಡಗಿನಲ್ಲಿ ಬರುವ ಪುಸ್ತಕದ ಗಾಡಿಯಲ್ಲಿ ಅದು ಕೈಗೆ ಸಿಕ್ಕಾಗ ಮೀನು ಸೀಳುವ ಚಾಕುವಿನ ಮೊನೆಯಿಂದ ಆ ಚಿಹ್ನೆಯನ್ನು ಕೆರೆದು ತೆಗೆದೆ. ಗಾಡಿಯವಳು ಬೈದು ಹೊಸ ಪ್ರತಿ ತರಿಸಿದಳು. ಅದನ್ನೂ ಕೆರೆದೆ. ಈಗ ನನಗೆ ಆ ಗಾಡಿ ಹತ್ತಲು ಅಪ್ಪಣೆಯಿಲ್ಲ. ಹದಿಮೂರಕ್ಕೇ ಶಾಲೆ ಬಿಟ್ಟವನಿಗೆ ಅದೇನು ದೊಡ್ಡ ಶಿಕ್ಷೆಯಲ್ಲ. ಆದರೆ ಉಳಿದ ಪ್ರತಿಗಳಲ್ಲೆಲ್ಲ ಆ ಕೊಕ್ಕೆ ಹಾಗೆಯೇ, ಆ ಕಳೆಯನ್ನು ಕಂಡವಳು ಎಂದಿರುವ ತೋರಾ ಸ್ವಾನಿಯ ಹೆಸರಿಗೆ ನೇತುಬಿದ್ದಿದೆಯಲ್ಲ, ಅದು ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಉಳಿದಿದೆ.

ತೋರಾ ನಡೆಯುವುದನ್ನು ಮೊದಲ ಸಲ ಕಂಡವರು ಆಕೆ ಏನನ್ನೋ ಕಳೆದುಕೊಂಡಿದ್ದಾಳೆಂದು ತಿಳಿದು ತಾವೂ ಬಗ್ಗಿ ಹುಡುಕತೊಡಗುತ್ತಿದ್ದರು. ಸೊಂಟದಿಂದ ಮೇಲಿನ ಶರೀರ ಭೂಮಿಗೆ ಸಮಾನಾಂತರ, ಕೈಗಳೆರಡೂ ಬೆನ್ನ ಹಿಂದೆ, ಮೂಗು ಪಾದಕ್ಕಿಂತ ಒಂದು ಮೊಳ ಮುಂದೆ. ದಿಗಂತವನ್ನು ನೆಟ್ಟಗೆ ನಿಂತು ನೋಡಿದ್ದನ್ನು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ನಾನು ಕಂಡವನಲ್ಲ. ಒಣನೆಲದ ಮೇಲೆ ಎಡವುತ್ತಿದ್ದಳು, ಚರ್ಚಿನ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತುತ್ತಿದ್ದಳು. ಅದೇ ಹೆಂಗಸು ಲೋಳೆಗಟ್ಟಿದ ಬಂಡೆಯ ಮೇಲೆ ಮಂಡಿ ಮೊಣಕೈ ಊರಿ ನೀರುನಾಯಿಯಂತೆ ಹರಿದು ಹೋಗುವಾಗ, ಆಕೆಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವನಾದ ನಾನು ಏದುಸಿರು ಬಿಡುತ್ತ ಹಿಂದುಳಿಯುತ್ತಿದ್ದೆ.

ಮೈಮೇಲೆ ಸದಾ ಅಪ್ಪನ ಕೋಟು. ಅಪ್ಪ ದ್ವೀಪದ ಅಂಚೆಯವನಾಗಿದ್ದ. ಗುಂಡಿಗಳೆಲ್ಲ ಉದುರಿಹೋಗಿ ಬಲೆಯ ಹುರಿಯಿಂದ ಬಿಗಿದು ಕಟ್ಟಿದ ಆ ನೀಲಿ ಕೋಟಿನ ಒಳಮೈಗೆ ಆಕೆ ಮೂರು ಸಾಲು ಜೇಬು ಹೊಲಿದುಕೊಂಡಿದ್ದಳು: ದಡದ ಮೇಲುಭಾಗದಲ್ಲಿ ಬೆಳೆಯುವ ಕಳೆಗೆ ಎದೆಯ ಸಾಲು, ನಡುದಡದ್ದಕ್ಕೆ ಸೊಂಟದ ಸಾಲು, ಇಳಿತ ಪೂರಾ ಇಳಿದಾಗ ಮಾತ್ರ ಮುಖ ತೋರಿಸುವಂಥವಕ್ಕೆ ಅಂಚಿನ ಸಾಲು. ಭಾನುವಾರದ ಪ್ರಾರ್ಥನೆಗೂ ಅದೇ ಕೋಟು. ಯಾವ ಸಾಲಿನಿಂದ ನೀರು ತೊಟ್ಟಿಕ್ಕುತ್ತಿದೆ ಎಂದು ನೋಡಿ ಹಿಂದಿನ ಬೆಂಚಿನವರು ಅಂದಿನ ಇಳಿತ ಎಷ್ಟು ದೂರ ಹೋಗಿತ್ತೆಂದು ತಿಳಿದುಕೊಳ್ಳುತ್ತಿದ್ದರು.

ವಿದ್ಯೆಯ ಮಟ್ಟಿಗೆ ಆಕೆಗೂ ನನಗೂ ಬಹಳ ಅಂತರವಿರಲಿಲ್ಲ. ದಕ್ಷಿಣದ ವಿಶ್ವವಿದ್ಯಾಲಯವೊಂದರಲ್ಲಿ ಮೂವತ್ತು ವರ್ಷ ಗಾಜಿನ ಜಾಡಿಗಳನ್ನು ತೊಳೆದವಳು. ಜಾಡಿಯ ಮೇಲಿನ ಚೀಟಿ ಓದಿ ಓದಿ, ಒಳಗಿದ್ದುದನ್ನು ನೋಡಿ ನೋಡಿ, ಪ್ರೊಫೆಸರುಗಳು ತಪ್ಪಿದಾಗ ಬಾಯಿ ಮುಚ್ಚಿಕೊಂಡಿದ್ದು, ಕೊನೆಗೆ ಒಂದು ದಿನ ಬಾಯಿ ಮುಚ್ಚಿಕೊಳ್ಳಲಾಗದೆ ಊರಿಗೆ ಮರಳಿದಳು. ಮಾರ್ಚಿಯ ಗಾಳಿಯಲ್ಲಿ ಹೌರ್ಸೇಗೆ ಬರಲು ಪದವೀಧರರು ಯಾರೂ ಒಪ್ಪದಿದ್ದುದರಿಂದ ಕಚೇರಿಯವರು ಇಲ್ಲಿನ ಕಳೆಗಳ ಸಮೀಕ್ಷೆಯನ್ನು ಆಕೆಗೆ ಕೊಟ್ಟರು, ದೋಣಿ ನನ್ನದು.

ಸಿಕ್ಕಿದ ಕಳೆಯನ್ನೆಲ್ಲ ಮೊದಲು ಹಲ್ಲಿನಲ್ಲಿ ಕಚ್ಚುವುದು ಆಕೆಯ ಅಭ್ಯಾಸ. ಕಚ್ಚಿ, ಕಣ್ಣು ಮುಚ್ಚಿ, ಉಗಿದು, ಹೆಸರು ಹೇಳಿ, "ಬರ್ಕೊ" ಅನ್ನುತ್ತಿದ್ದಳು. ಆ ಮಾತು ನಾಲಿಗೆಗೆ ಎಷ್ಟು ಅಂಟಿಹೋಗಿತ್ತೆಂದರೆ ಅಂಗಡಿಯಲ್ಲಿ ಬ್ರೆಡ್ಡು ಹಳಸಿದೆ ಎನ್ನುವುದಕ್ಕೂ "ಹಳಸಿದೆ, ಬರ್ಕೊ". ಬರೆಯುವವನು ನಾನು. ನನ್ನ ಅಕ್ಷರ ಏಡಿ ನಡೆದ ಹಾಗಿದೆ ಎಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. "ಏಡಿ ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಹೋಗತ್ತೆ ಕಣೋ. ಹಿಡಿ ಪೆನ್ಸಿಲ್ಲು" ಎಂದಳು. ಎರಡೇ ನಿಯಮ. ರಬ್ಬರು ಮುಟ್ಟುವಂತಿಲ್ಲ, ತಪ್ಪಾದರೆ ತಪ್ಪು ಹಾಗೇ ಇರಬೇಕು, ಪಕ್ಕದಲ್ಲಿ ತಾರೀಖು ಹಾಕಿ ಸರಿಯಾದದ್ದನ್ನು ಬರೆಯಬೇಕು. ಮತ್ತೆ, ಪ್ರತಿಯೊಂದು ಬರಹದ ಕೆಳಗೂ ಅಲ್ಲಿದ್ದ ಇಬ್ಬರೂ ಸಹಿ ಮಾಡಬೇಕು. ಒಂದೇ ಸಹಿ ಇದ್ದರೆ ಅದು ಮಾತು, ಎರಡಿದ್ದರೆ ಸಾಕ್ಷಿ ಎನ್ನುವುದು ಆಕೆಯ ಶಾಸ್ತ್ರ.

ಈ ಶಾಸ್ತ್ರಕ್ಕೆಲ್ಲ ಬೆಲೆ ಬಂದದ್ದು ಯಂತ್ರದೋಣಿಯ ಸುದ್ದಿ ಬಂದಾಗ. ನಮ್ಮ ನೈಋತ್ಯಕ್ಕೆ ಸೆಲ್ಲಿ ಬಂಡೆ, ಅದರ ಸುತ್ತ ನೀರಿನಡಿ ಎರಡಾಳೆತ್ತರದ ಕಂದುಕಳೆಯ ಕಾಡು. ದೊಡ್ಡ ಅಲೆಗಳು ಮೊದಲು ಆ ಕಾಡನ್ನು ಹೊಕ್ಕು ದಣಿದು ಆಮೇಲೆ ನಮ್ಮ ದಡಕ್ಕೆ ಬರುತ್ತವೆ. ಚಳಿಗಾಲದ ಗಾಳಿ ಕಿತ್ತೆಸೆದ ದಂಟುಗಳನ್ನು ಆಯ್ದು, ಕಲ್ಲಿನ ಸಾಲುಗಳ ಮೇಲೆ ಒಣಗಿಸಿ ಕಾರ್ಖಾನೆಗೆ ಕಳಿಸುವುದು ನಮ್ಮ ಅಪ್ಪಂದಿರ ಕಾಲದ ಕಸುಬು. ಈಗ ಒಂದು ಕಂಪನಿ ಬಂದು, ಗಾಳಿಗೆ ಯಾಕೆ ಕಾಯುತ್ತೀರಿ, ನಾವು ಕಬ್ಬಿಣದ ಹಲ್ಲಿನಿಂದ ಬುಡಸಮೇತ ಬಾಚುತ್ತೇವೆ ಎಂದು ಅರ್ಜಿ ಹಾಕಿತ್ತು. ಬೇರೆಲ್ಲೂ ಇಲ್ಲದ ಕಳೆ ಅಲ್ಲಿದೆ ಎಂದು ಸಮೀಕ್ಷೆ ತೋರಿಸಿದರೆ ಮಾತ್ರ ಅರ್ಜಿ ಬಿದ್ದುಹೋಗುತ್ತದೆ. ನೂರ ಅರವತ್ತೆರಡು ಬಗೆ ಬರೆದಾಗಿತ್ತು. ಎಲ್ಲವೂ ಬೇರೆ ಕಡೆಯೂ ಇದ್ದವು.

ನೂರ ಅರವತ್ತಮೂರನೆಯದು ಸಿಕ್ಕಿದ್ದು ಮಾರ್ಚಿ ಇಪ್ಪತ್ತೊಂದರ ಮಹಾ ಇಳಿತದಲ್ಲಿ, ಸೆಲ್ಲಿ ಬಂಡೆಯ ಬುಡದ ಬಿರುಕಿನಲ್ಲಿ, ದಪ್ಪ ದಂಟೊಂದರ ನೆರಳಿನಲ್ಲಿ: ಬೆರಳುದ್ದದ ಕಡುಗೆಂಪು ಗರಿ. ನೂರು ವರ್ಷದ ಹಿಂದೆ ಒಬ್ಬ ಪಾದ್ರಿ ಕಂಡು ಬರೆದಿಟ್ಟಿದ್ದನಂತೆ, ಆಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂರು ಗಿಡವಿದ್ದವು, ಒಂದನ್ನು ಬಿಡಿಸಿಕೊಂಡಳು. ಬಾಳಿನಲ್ಲಿ ಅದೊಂದನ್ನು ಮಾತ್ರ ಆಕೆ ಕಚ್ಚಿ ನೋಡಲಿಲ್ಲ. ಅಂಗೈ ನೀರಿನಲ್ಲಿ ಅದು ಬಿಚ್ಚಿಕೊಳ್ಳುವುದನ್ನು ನೋಡುತ್ತ, "ಎರ್ಲೆಂಡ್, ಇದನ್ನ ಜೇಬಿಗೆ ಹಾಕಲ್ಲ, ತಟ್ಟೇಲಿ ತಗೊಂಡು ಹೋಗು. ಗೋಡೆ ದಾಟಿಸಿ ಕೊಟ್ಟಿಗೇಲಿಡು. ನಾನು ಬಂದು ಕಾಗದದ ಮೇಲೆ ಹರಡಿ ಒಣಗಿಸ್ತೀನಿ" ಎಂದಳು. ಬರೆದು, ಇಬ್ಬರೂ ಸಹಿ ಮಾಡಿದೆವು. ದೋಣಿ ದಡ ಮುಟ್ಟಿದ ಮೇಲೆ ಆಕೆ ಜೇಬುಗಳನ್ನು ಖಾಲಿಮಾಡುತ್ತ ಹಿಂದುಳಿದಳು.

ನಮ್ಮ ದ್ವೀಪದ ಸುತ್ತ ಎದೆಯೆತ್ತರದ ಕಲ್ಲುಗೋಡೆ ಇದೆ. ಅದು ಕುರಿಗಳನ್ನು ಒಳಗಿಡುವುದಕ್ಕಲ್ಲ, ಹೊರಗಿಡುವುದಕ್ಕೆ. ಹುಲ್ಲು ದನಕ್ಕೆ, ಕುರಿ ದಡದಲ್ಲೇ ಹುಟ್ಟಿ, ದಡದಲ್ಲೇ ಕಡಲಕಳೆ ತಿಂದು ಬಾಳಬೇಕು. ಗೋಡೆಯೊಳಗೆ ನೀವು ಏನನ್ನಾದರೂ ಬಿಟ್ಟುಹೋಗಿ, ಅಲ್ಲೇ ಇರುತ್ತದೆ. ಗೋಡೆಯಾಚೆ ಒದ್ದೆಯಾದ ಏನನ್ನೂ ನೆಲಕ್ಕಿಡಬಾರದೆಂದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

ನಾನು ತಟ್ಟೆ ಹಿಡಿದು ಗೋಡೆಯ ಬಳಿ ಬಂದಾಗ ಕಂಪನಿಯ ಮನುಷ್ಯನೊಬ್ಬ ನಮ್ಮ ದಂಟಿನ ಸಾಲುಗಳ ಮೇಲೆ ಬೂಟುಗಾಲಲ್ಲಿ ನಿಂತು ಫೋಟೋ ತೆಗೆಯುತ್ತಿದ್ದ. ನನ್ನ ನೆತ್ತಿಗೆ ಬೆಂಕಿ ಹತ್ತಿತು. ತಟ್ಟೆಯನ್ನು ನಿಂತಲ್ಲೇ ಇಟ್ಟೆ. ಅವನ ಹತ್ತಿರ ಹೋಗಿ, ಅವನ ಬೂಟು, ಅವನ ಕಂಪನಿ, ಅವನನ್ನು ಹೆತ್ತವರು, ಯಾರನ್ನೂ ಬಿಡದೆ ಕಾಲು ಗಂಟೆ ಬೈದೆ. ಆ ಬೈಗುಳ ಇಂದಿಗೂ ಊರಲ್ಲಿ ಪ್ರಸಿದ್ಧ. ಗೆದ್ದವನಂತೆ ತಿರುಗಿ ಬಂದಾಗ ನನ್ನದೇ ಟಗರು ತಟ್ಟೆಯಿಂದ ಮುಖ ಎತ್ತಿ ನನ್ನನ್ನು ನೋಡಿತು. ಅದರ ತುಟಿಯ ಅಂಚಿನಲ್ಲಿ ಕೆಂಪು ಎಳೆಯೊಂದು ಇತ್ತು.

ತೋರಾ ಬಂದಳು. ಬೈಯಲಿಲ್ಲ. ಟಗರಿನ ದವಡೆ ಬಿಡಿಸಿ, ಬೆರಳು ಹಾಕಿ, ಉಗುರಿನಷ್ಟು ಮುದ್ದೆ ತೆಗೆದು ನೀರಿಗೆ ಬಿಟ್ಟಳು. ಅದು ಬಿಚ್ಚಿಕೊಳ್ಳಲಿಲ್ಲ. ಸಮುದ್ರ ಆಗಲೇ ಬಂಡೆಯನ್ನು ಮುಚ್ಚಿತ್ತು; ಉಳಿದೆರಡು ಗಿಡದವರೆಗೆ ನೀರು ಮತ್ತೆ ಇಳಿಯುವುದು ಬರುವ ಮಾರ್ಚಿಗೇ.

"ತಟ್ಟೆ ತುಂಬ ಬೇರೆ ಕಳೆ ಇತ್ತು. ಆರಿಸಿ ಅದನ್ನೇ ತಿಂದಿದೆ. ನಿನ್ನ ಟಗರಿಗೆ ಕಚೇರಿಯೋರಿಗಿಂತ ತಿಳುವಳಿಕೆ ಜಾಸ್ತಿ" ಎಂದಳು. ಆಮೇಲೆ, "ಬರ್ಕೊ. ಮಾದರಿ ಕಳೆದುಹೋಯ್ತು."

"ಹೇಗೆ ಕಳೀತು ಅಂತ ಬರೀಲಿ?"

"ತೋರಾ ಕೈಯಿಂದ ಅಂತ ಬರಿ."

"ಅದು ಸುಳ್ಳು."

"ನೀನು ಬೈದಿದ್ದನ್ನ ಅವನು ಹೋಗಿ ಹೇಳೇ ಹೇಳ್ತಾನೆ. ಇದೂ ಗೊತ್ತಾದ್ರೆ ಬರೋ ವರ್ಷ ಕಚೇರಿಯೋರು ದೋಣಿ ಕೆಲಸ ನಿಂಗೆ ಕೊಡಲ್ಲ. ಬೇರೆ ಯಾವನು ನನ್ನನ್ನ ಸೆಲ್ಲಿಗೆ ಕರ್ಕೊಂಡು ಹೋಗ್ತಾನೆ? ಬರಿ."

ಬರೆದೆ. ಏಡಿಯಂಥ ನನ್ನ ಅಕ್ಷರದಲ್ಲಿ. ಕೆಳಗೆ ಎರಡು ಸಹಿ.

ಮೇ ತಿಂಗಳಲ್ಲಿ ಊರ ಸಭಾಂಗಣದಲ್ಲಿ ವಿಚಾರಣೆ. ಕಚೇರಿಯಿಂದ ಡಾಕ್ಟರ್ ಲೋಗಿ ಎಂಬಾತ ಬಂದಿದ್ದ, ಮೃದುವಾಗಿ ಮಾತಾಡುವ, ಉಗುರು ಶುಭ್ರವಾಗಿದ್ದ ಮನುಷ್ಯ. "ಮಿಸ್ ಸ್ವಾನಿ, ನೀವು ಕಂಡಿಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಕಂಡಿದ್ದನ್ನ ಜೋಪಾನ ಮಾಡೋಕೆ ಬರದೋರ ಮಾತು ನಂಬಿ ನಾನು ಅರ್ಜಿ ತಳ್ಳಿಹಾಕೋಕಾಗಲ್ಲ" ಎಂದ.

ನಮ್ಮ ದ್ವೀಪದಲ್ಲಿ ಎಲ್ಲರೂ ಎಲ್ಲರಿಗೂ ನೀನು. ಪಾದ್ರಿಗೆ ಮಾತ್ರ ವಿನಾಯಿತಿ. ತೋರಾ ಯಾರಿಗೂ ವಿನಾಯಿತಿ ಕೊಟ್ಟವಳಲ್ಲ. "ನೀನು ಸೆಲ್ಲಿ ಬಂಡೆ ಮೇಲೆ ಯಾವತ್ತಾದ್ರೂ ಮಂಡಿ ಊರಿದೀಯ?" ಎಂದು ಕೇಳಿದಳು.

"ಇಲ್ಲಿ ಪ್ರಶ್ನೆ ಅದಲ್ಲ."

"ನನ್ನ ಪ್ರಶ್ನೆ ಅದೇ. ಕೂತ್ಕೊ. ಒಂದರಿಂದ ಹೇಳ್ತೀನಿ, ಬರ್ಕೊ."

ಕೋಟಿನ ಹುರಿ ಬಿಗಿದು, ನೆಲ ನೋಡುತ್ತ, ಆಕೆ ಹೇಳತೊಡಗಿದಳು. ಕಾಗದವಿಲ್ಲ. ಪ್ರತಿ ಕಳೆಯ ಹೆಸರು, ಸ್ಥಳ, ತಾರೀಖು, ಕಂಡ ಇಬ್ಬರು. ಹೇಳುತ್ತ ಹೋದಂತೆ ಎದೆಯ ಜೇಬಿನಿಂದ ಸೊಂಟದ ಜೇಬಿಗೆ, ಸೊಂಟದಿಂದ ಅಂಚಿಗೆ ಕೈ ಇಳಿಯುತ್ತಿತ್ತು. ಸಮುದ್ರವೇ ಸಭಾಂಗಣದಿಂದ ಹಿಂದೆ ಸರಿಯುತ್ತ ಒಂದೊಂದೇ ಬಂಡೆಯನ್ನು ಬತ್ತಲು ಮಾಡುತ್ತಿರುವಂತೆ ನಾವೆಲ್ಲ ಕೂತಿದ್ದೆವು. ಚಹಾ ಆರಿತು. ಲೋಗಿಯನ್ನು ಕರೆದೊಯ್ಯಬೇಕಾದ ಹಡಗು ಎರಡು ಸಲ ಕೂಗಿತು. ಯಾರೂ ಏಳಲಿಲ್ಲ, ಅವನೂ ಏಳಲಿಲ್ಲ. ಮುಕ್ಕಾಲು ಗಂಟೆಯ ನಂತರ, "ನೂರ ಅರವತ್ತಮೂರು. ಸೆಲ್ಲಿ, ಬುಡದ ಬಿರುಕು, ಮಾರ್ಚಿ ಇಪ್ಪತ್ತೊಂದು. ಕಂಡವರು ತೋರಾ ಸ್ವಾನಿ, ಎರ್ಲೆಂಡ್ ಡ್ರೀವರ್. ಕಳೆದವಳು ತೋರಾ ಸ್ವಾನಿ" ಎಂದು ನಿಲ್ಲಿಸಿದಳು.

ಎಲ್ಲರೂ ಹಿಂದೆ ತಿರುಗಿ ನನ್ನನ್ನು ನೋಡಿದರು. ಆಲೂಗಡ್ಡೆಯ ಬೆಲೆಗೂ ಎದ್ದು ನಿಂತು ಕೂಗಾಡುವವನು ನಾನು. ಈಗ ಕೂಗುತ್ತೇನೆಂದು ಕಾದರು. ನಾನು ನನ್ನ ಬೂಟು ನೋಡುತ್ತ ಕೂತೆ.

ಲೋಗಿ ಒಂದು ವರ್ಷ ಕೊಟ್ಟ. ಬರುವ ಮಾರ್ಚಿಯಲ್ಲಿ ಅದು ಮತ್ತೆ ಸಿಕ್ಕರೆ ಅರ್ಜಿ ವಜಾ. ಇಲ್ಲವಾದರೆ ಹೆಸರಿನ ಪಕ್ಕ ಪ್ರಶ್ನೆಚಿಹ್ನೆ, ಕಂಪನಿಗೆ ಪರವಾನಗಿ.

ಆ ಮಾರ್ಚಿಯಲ್ಲಿ ಸಮುದ್ರ ಕುದಿಯುತ್ತಿತ್ತು. ದೋಣಿ ಬಂಡೆಗೆ ತಾಗಿಸಲಾಗದು ಎಂದೆ. ಮಾತು ಮುಗಿಯುವುದರೊಳಗೆ ಆಕೆ ಕೋಟುಸಮೇತ ನೀರಿಗಿಳಿದು ಬಂಡೆ ತಬ್ಬಿಯಾಗಿತ್ತು. ಎಪ್ಪತ್ತೊಂದು ವರ್ಷ ಆಗ. ಅಲೆ ತಲೆಯ ಮೇಲೆ ಹೋದಾಗ ಉಸಿರು ಹಿಡಿದು, ಇಳಿದಾಗ ಬಿರುಕು ಹುಡುಕಿ, ಮತ್ತೆ ಅಲೆ, ಮತ್ತೆ ಹುಡುಕು. ಬಾ ಎಂದು ನಾನು ಕಿರುಚುತ್ತಿದ್ದರೆ ಒಂದು ಕೈ ಎತ್ತಿ, ನೊಣ ಓಡಿಸುವವಳಂತೆ ಬೀಸಿದಳು. ಚಳಿಗಾಲದ ಬಿರುಗಾಳಿ ಆ ದಪ್ಪ ದಂಟನ್ನೇ ಕಿತ್ತುಕೊಂಡು ಹೋಗಿತ್ತು. ಅದರ ನೆರಳಿನಲ್ಲಿದ್ದದ್ದೂ ಇರಲಿಲ್ಲ.

ಸಂಜೆಗೆ ನೆರೆಯ ಮ್ಯಾನ್ಸಿ ಒಂದು ಡಬ್ಬಿ ಹಿಡಿದು ಬಂದ. ವೆಸ್ಟ್ರೇ ದ್ವೀಪದ ಭಾವನಿಂದ ತರಿಸಿದ ಕೆಂಪು ಕಳೆ, ನೋಡಲು ತದ್ರೂಪ. "ಇಟ್ಕೊ ತೋರಾ. ಆ ಉಗುರಿನೋನಿಗೆ ಇದೂ ಅಷ್ಟೇ, ಅದೂ ಅಷ್ಟೇ" ಎಂದ. ನಾನೂ ಇಟ್ಟುಕೋ ಎಂದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಬೇಡಿಕೊಂಡೆ.

ತೋರಾ ಅದನ್ನು ಕಚ್ಚಿದಳು. ಕಣ್ಣು ಮುಚ್ಚಿದಳು. ಉಗಿದಳು. "ಮರಳು. ನಮ್ಮ ಬಂಡೇಲಿ ಮರಳಿಲ್ಲ. ಸೂಪಿಗೆ ಹಾಕ್ಕೊಳೋ ಮ್ಯಾನ್ಸಿ, ಚೆನ್ನಾಗಿರತ್ತೆ" ಎಂದು ಡಬ್ಬಿಯನ್ನು ಅವನ ಕೈಗೇ ಕೊಟ್ಟು, ನನ್ನಿಂದ ಪೆನ್ಸಿಲ್ಲು ಕಿತ್ತುಕೊಂಡು ತಾನೇ ಬರೆದಳು: ಈ ವರ್ಷ ಕಾಣಲಿಲ್ಲ.

ಬೇಸಿಗೆಗೆ ಯಂತ್ರದೋಣಿ ಬಂತು. ಎರಡು ವರ್ಷ ಬಾಚಿತು. ಮೂರನೆಯ ಚಳಿಗಾಲದಲ್ಲಿ, ದಣಿಸುವವರಿಲ್ಲದ ಅಲೆಗಳು ನೇರ ಬಂದು ಗೋಡೆಯನ್ನು ನಾಲ್ಕು ಕಡೆ ಕೆಡವಿದವು. ಕುರಿಗಳೆಲ್ಲ ಹುಲ್ಲಿಗೆ ನುಗ್ಗಿದವು. ಕಲ್ಲು ಹೊರುತ್ತ ಮ್ಯಾನ್ಸಿ, "ನೂರ ಅರವತ್ತೆರಡು ನಿಜ ಹೇಳಿದೋಳಿಗೆ ಒಂದು ಸುಳ್ಳು ಹೇಳೋಕೆ ಏನಾಗಿತ್ತು?" ಎಂದು ಕೇಳಿದ. ಆಕೆ ಒಂದು ಸುಳ್ಳನ್ನು ಆಗಲೇ ಹೇಳಿಯಾಗಿತ್ತು ಎಂದು ನಾನು ಹೇಳಲಿಲ್ಲ. ಅಂಗಡಿಯಲ್ಲಿ ಹೆಂಗಸರು ಆಕೆಗೆ ಬೆನ್ನು ತಿರುಗಿಸುತ್ತಿದ್ದಾಗಲೂ ಹೇಳಲಿಲ್ಲ.

ಆಕೆ ಮಾತ್ರ ಕೋಟು ಕಟ್ಟಿಕೊಂಡು ಮತ್ತೆ ದೋಣಿ ಹತ್ತಿದಳು. ಕಚೇರಿ ಸಮೀಕ್ಷೆ ನಿಲ್ಲಿಸಿತ್ತು, ಯಾರೂ ಕೇಳಿರಲಿಲ್ಲ. ಬಾಚಿ ಬೋಳಾದ ನೆಲದ ಮೇಲೆ ಮೊದಲು ಯಾವುದು ಮರಳುತ್ತದೆ ಎಂದು ಹೊಸ ಪಟ್ಟಿ ಶುರುಮಾಡಿ, ಮೊದಲ ಪುಟದಲ್ಲಿ "ಏನೂ ಇಲ್ಲ, ಬರ್ಕೊ" ಎಂದು ಬರೆಸಿ, ಸಹಿ ಹಾಕಿದಳು. ಆ ಪಟ್ಟಿ ಹದಿನೇಳಕ್ಕೆ ಬಂದಾಗ, ಒಂದು ನವೆಂಬರ್‌ನಲ್ಲಿ, ಕರ್ಕ್‌ವಾಲ್ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕೋಟಿನ ಅಂಚಿನ ಜೇಬು ಇನ್ನೂ ಒದ್ದೆಯಿತ್ತು ಎಂದು ನರ್ಸಮ್ಮ ಗೊಣಗುತ್ತ ನನ್ನ ಕೈಗಿತ್ತಳು.

ಇಂಥವರು ನಮ್ಮ ನಡುವೆ ಬಹಳ ಮಂದಿ ಇಲ್ಲ, ಇದ್ದರೂ ನಮಗೆ ಅನುಕೂಲರಲ್ಲ. ಊರನ್ನು ಕಾಪಾಡಲೆಂದು ಅವರು ಸುಳ್ಳು ಹೇಳುವುದಿಲ್ಲ. ಎದುರಿಗೆ ನಿಂತ ಒಬ್ಬ ದಡ್ಡನನ್ನು ಕಾಪಾಡಲು ಹೇಳಿಬಿಡುತ್ತಾರೆ, ಅದರ ಭಾರವನ್ನು ಜೇಬಿಗಿಟ್ಟುಕೊಂಡು ಬಗ್ಗಿ ನಡೆಯುತ್ತಾರೆ. ಅವರ ಮುಂದೆ ಸೋತವರು ನಾವೇ ಹೊರತು ಅವರಲ್ಲ. ಆಕೆಯ ಹೆಸರಿಗೆ ಕೊಕ್ಕೆ ಹಾಕಿದವರು ಒಂದು ಸಲ ಬಂದು ಸೆಲ್ಲಿಯ ಮೇಲೆ ಮಂಡಿ ಊರಲಿ, ಆಮೇಲೆ ಮಾತಾಡೋಣ.

ಪ್ರತಿ ಮಾರ್ಚಿಯ ಮಹಾ ಇಳಿತಕ್ಕೆ ನಾನು ಹೋಗುತ್ತೇನೆ. ಇನ್ನೂ ಸಿಕ್ಕಿಲ್ಲ. ಕಚೇರಿಗೆ ನಡೆದದ್ದನ್ನು ಬರೆದೆ. ಕಡತ ಮುಚ್ಚಲಾಗಿದೆ ಎಂದು ಎರಡು ಸಾಲಿನ ಉತ್ತರ ಬಂತು. ನಾವಿಬ್ಬರೂ ಸಹಿ ಮಾಡುತ್ತಿದ್ದ ಆಕೆಯ ಟಿಪ್ಪಣಿ ಪುಸ್ತಕ ನನ್ನಲ್ಲಿದೆ. ರಬ್ಬರು ಮುಟ್ಟಿಲ್ಲ. 'ತೋರಾ ಕೈಯಿಂದ ಕಳೆದುಹೋಯಿತು' ಎಂಬುದು ಹಾಗೇ ಇದೆ. ಪಕ್ಕದಲ್ಲಿ ತಾರೀಖು ಹಾಕಿ, ಎರ್ಲೆಂಡ್ ಡ್ರೀವರನ ಸಿಟ್ಟಿನಿಂದ, ಅವನದೇ ಟಗರಿನ ಬಾಯಿಂದ, ಗೋಡೆಯಾಚೆ ಎಂದು ಬರೆದು ಸಹಿ ಮಾಡಿದ್ದೇನೆ. ಅದರ ಕೆಳಗೆ ಎರಡನೆಯ ಸಹಿಯ ಜಾಗ ಖಾಲಿ ಇದೆ.