ನೂಕುವ ಎಂಜಿನ್

ವಕೀಲ ವಿಷ್ಣುಪ್ರಸಾದರ ಬಲಗಣ್ಣಿನಲ್ಲಿ ಮೊದಲು ಕಂಡದ್ದು ಕೆಲವು ಕಪ್ಪು ಚುಕ್ಕಿಗಳು. ಸುಳ್ಯದ ಕೋರ್ಟಿನಲ್ಲಿ ಪಾಟೀಸವಾಲು ನಡೆಸುತ್ತಿದ್ದಾಗ ಅವು ಸೊಳ್ಳೆಗಳ ಹಾಗೆ ಕಣ್ಣೆದುರು ತೇಲಿದವು. ಕನ್ನಡಕ ಒರೆಸಿಕೊಂಡರೂ ಹೋಗಲಿಲ್ಲ. ಸಂಜೆ ಮನೆಯ ಮಾಳಿಗೆಯಲ್ಲಿ ಕೂತು ಪುಟ್ಟ ಸೇತುವೆಯೊಂದಕ್ಕೆ ಬಣ್ಣ ಹಚ್ಚುತ್ತಿದ್ದಾಗ ಕಣ್ಣಂಚಿನಲ್ಲಿ ಮಿಂಚು ಹೊಡೆದ ಹಾಗಾಯಿತು. ಕಿಟಕಿಯಿಂದ ಹೊರಗೆ ನೋಡಿದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ದೋಸೆಗೆ ಕೂತವರು ಬೆರಳಲ್ಲಿ ತಟ್ಟೆ ತಡವುತ್ತಿರುವುದನ್ನು ಹೆಂಡತಿ ಪರಮೇಶ್ವರಿ ಗಮನಿಸಿದರು.

"ಎಂತ ಹುಡುಕುದು?"

"ಚಟ್ನಿ. ಕೆಳಗಿನಿಂದ ಒಂದು ಕಪ್ಪು ಪರದೆ ಎದ್ದ ಹಾಗೆ ಉಂಟು. ಬಲಗಣ್ಣಲ್ಲಿ."

ಪರಮೇಶ್ವರಿ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಹೇಳಿ ನಿವೃತ್ತರಾದವರು. ಕಣ್ಣಿನ ಒಳಪರದೆಯ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದವರು. ಅವರು ಒಲೆ ಆರಿಸಿ ಅಬೂಬಕರ್‌ಗೆ ಫೋನ್ ಮಾಡಿದರು. ಅಬೂಬಕರ್ ಪೇಟೆಯಲ್ಲಿ ಮರದ ಮಿಲ್ಲು ನಡೆಸುವವರು, ವಿಷ್ಣುಪ್ರಸಾದರ ಹಳೆಯ ಸ್ನೇಹಿತ. ಮಿಲ್ಲನ್ನು ಆಳುಗಳಿಗೆ ಬಿಟ್ಟು ಕಾರು ತಂದರು. ಮಧ್ಯಾಹ್ನದ ಹೊತ್ತಿಗೆ ಮೂವರೂ ಮಂಗಳೂರಿನ ಕಣ್ಣಿನ ಆಸ್ಪತ್ರೆಯಲ್ಲಿದ್ದರು.

ಬೇರೆಯವರಿಗಾದರೆ ಇನ್ನೊಂದು ಕಣ್ಣು ಇದೆಯಲ್ಲ ಎಂಬ ಧೈರ್ಯವಾದರೂ ಇರುತ್ತಿತ್ತು. ವಿಷ್ಣುಪ್ರಸಾದರ ಎಡಗಣ್ಣು ಹುಟ್ಟಿನಿಂದಲೇ ಮಂದ. ಅದರಲ್ಲಿ ಯಾರೋ ಬಂದದ್ದು ಗೊತ್ತಾಗುತ್ತದೆ, ಯಾರು ಬಂದದ್ದು ಎಂದು ಗೊತ್ತಾಗುವುದಿಲ್ಲ. ಅರುವತ್ತು ವರ್ಷ ಅವರು ಓದಿದ್ದು, ವಾದಿಸಿದ್ದು, ರೈಲು ನೋಡಿದ್ದು ಎಲ್ಲ ಒಂದೇ ಕಣ್ಣಿನಲ್ಲಿ.

ರೈಲು ಅವರಿಗೆ ಪಂಜದಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲಕ್ಕೆ ಅಂಟಿಕೊಂಡದ್ದು. ಆಗಷ್ಟೇ ಘಾಟಿಯ ಬುಡದ ನೆಟ್ಟಣಕ್ಕೆ ರೈಲು ಬಂದಿತ್ತು. ಘಾಟಿ ಹತ್ತುವ ಗಾಡಿಗಳಿಗೆ ಅಲ್ಲಿ ಹಿಂದಿನಿಂದ ಬೇರೆ ಎಂಜಿನ್ ಜೋಡಿಸುತ್ತಾರೆ. ಮುಂದಿನದು ಎಳೆಯುತ್ತದೆ, ಹಿಂದಿನದು ನೂಕುತ್ತದೆ. ಅದನ್ನು ನೋಡುವುದಕ್ಕಾಗಿಯೇ ಹೋಗುತ್ತಿದ್ದ ಹುಡುಗ ವಕೀಲನಾದ ಮೇಲೂ ಆದಿತ್ಯವಾರಗಳಲ್ಲಿ ಹೋಗುವುದನ್ನು ಬಿಡಲಿಲ್ಲ. ಸುಳ್ಯ ಪೇಟೆಗೆ ರೈಲಿಲ್ಲದ್ದರಿಂದ ಮನೆಯ ಮಾಳಿಗೆಗೇ ಒಂದು ತಂದರು. ಅಬೂಬಕರ್ ಹಲಗೆ ಕೊಯ್ದು ಮೇಜು ಮಾಡಿಕೊಟ್ಟರು. ಮಿಲ್ಲಿನ ಮರದ ಹುಡಿಗೆ ಹಸಿರು ಬಣ್ಣ ಹಾಕಿ ಕಾಡು ಬೆಳೆಸಿದರು. ಥರ್ಮಕೋಲಿನ ಗುಡ್ಡ, ಸುರಂಗ, ಎತ್ತರದ ಸೇತುವೆ, ತಪ್ಪಲಲ್ಲಿ ನೆಟ್ಟಣದ ಸ್ಟೇಶನ್. ನಿಜವಾದ ಘಾಟಿಗೆ ಈಗ ವಿದ್ಯುತ್ ತಂತಿ ಬಂದಿದೆ. ವಿಷ್ಣುಪ್ರಸಾದರ ಘಾಟಿಯಲ್ಲಿ ಇನ್ನೂ ಡೀಸೆಲ್ ಎಂಜಿನ್‌ಗಳೇ ಓಡುತ್ತಿದ್ದವು.

ಅದನ್ನು ಮನೆಯಿಂದ ಹೊರಗೆ ಒಯ್ದದ್ದೇ ಇಲ್ಲ. ಈ ಸಲ ಪುತ್ತೂರಿನ ಮದುವೆ ಹಾಲ್ ಒಂದರಲ್ಲಿ ಮಾದರಿ ರೈಲುಗಳ ಪ್ರದರ್ಶನ ಎಂದು ಗೊತ್ತಾಗಿತ್ತು. ಮಂಗಳೂರು, ಬೆಂಗಳೂರು, ಕೊಚ್ಚಿಯ ಹವ್ಯಾಸಿಗಳು ಬರುವವರಿದ್ದರು. ವಿಷ್ಣುಪ್ರಸಾದರ ಘಾಟಿಗೆ ವೇದಿಕೆಯ ಮುಂದಿನ ಜಾಗ ಕೊಟ್ಟಿದ್ದರು. ಅಷ್ಟರಲ್ಲಿ ಈ ಪರದೆ ಎದ್ದಿತು.

ಡಾಕ್ಟರ್ ದೀಪ್ತಿ ಸಣ್ಣ ಪ್ರಾಯದವರು. ಪರೀಕ್ಷೆ ಮಾಡಿ, ಒಳಪರದೆ ಹರಿದು ಕಳಚಿಕೊಂಡಿದೆ, ತಡಮಾಡದೆ ಆಪರೇಶನ್ ಮಾಡಬೇಕು ಎಂದರು. ಕಣ್ಣೊಳಗೆ ಗ್ಯಾಸಿನ ಗುಳ್ಳೆ ತುಂಬುತ್ತಾರೆ. ಅದು ಪರದೆಯನ್ನು ಒತ್ತಿ ಹಿಡಿದು ಅಂಟಿಸಬೇಕು. ಗುಳ್ಳೆ ಸರಿಯಾದ ಜಾಗದಲ್ಲಿ ನಿಲ್ಲಬೇಕಾದರೆ ಮುಖ ಕೆಳಗೆ ಮಾಡಿಯೇ ಇರಬೇಕು, ಕೂತರೂ ಮಲಗಿದರೂ.

"ಮತ್ತೆ ಎತ್ತರಕ್ಕೆ ಹೋಗ್ಬಾರದು ಸರ್. ವಿಮಾನ ಇಲ್ಲ, ಘಾಟಿ ಇಲ್ಲ. ಮೇಲೆ ಹೋದ ಹಾಗೆ ಗುಳ್ಳೆ ಉಬ್ಬಿ ಕಣ್ಣಿಗೆ ಅಪಾಯ. ನಿಮಗೆ ಘಾಟಿ ಶುರು ಆಗುವ ಸಂಪಾಜೆಯಿಂದ ಆಚೆ ಇಲ್ಲ ಅಂತ ಇಟ್ಕೊಳ್ಳಿ."

"ದೃಷ್ಟಿ ಬರ್ತದಾ?" ಎಂದು ಪರಮೇಶ್ವರಿ ಕೇಳಿದರು.

"ಪ್ರಯತ್ನ ಮಾಡುವ. ಗುಳ್ಳೆ ಕರಗುವವರೆಗೆ ಹೇಳ್ಲಿಕ್ಕೆ ಆಗುದಿಲ್ಲ."

ಪರಮೇಶ್ವರಿಗೆ ಇನ್ನೊಂದು ಪ್ರಶ್ನೆ ಇತ್ತು. ಗಂಡ ಮಾಳಿಗೆಯಲ್ಲಿ ಭೂತಗನ್ನಡಿ ಹಿಡಿದು ಸಾಸಿವೆ ಗಾತ್ರದ ತಿರುಪು ಕೂರಿಸುವುದರಿಂದಲೇ ಹೀಗಾಯಿತೇ ಎಂಬ ಪ್ರಶ್ನೆ. ಅದನ್ನು ಅವರು ಕೇಳಲಿಲ್ಲ. ಹೌದು ಎಂದು ಬಿಟ್ಟರೆ ಆ ಮಾಳಿಗೆಯ ಬಾಗಿಲಿಗೆ ಬೀಗ ಹಾಕಬೇಕಾದವರು ತಾವೇ ಎಂದು ಅವರಿಗೆ ಗೊತ್ತಿತ್ತು.

ಆಪರೇಶನ್ ಆಗಿ ಮನೆಗೆ ಬಂದ ಮೇಲೆ ವಿಷ್ಣುಪ್ರಸಾದರಿಗೆ ಕಂಡದ್ದು ನೆಲದ ಕೆಂಪು ಸಿಮೆಂಟು ಮಾತ್ರ, ಅದೂ ಎಡಗಣ್ಣಿನ ಮಬ್ಬಿನಲ್ಲಿ. ಅಬೂಬಕರ್ ಮಿಲ್ಲಿನಿಂದ ಮುಖ ಇಡುವ ತೂತಿರುವ ಒಂದು ಹಲಗೆ ಮಾಡಿ, ಸ್ಪಂಜು ಸುತ್ತಿ ತಂದುಕೊಟ್ಟರು. ಅದರ ಮೇಲೆ ಕವುಚಿ ಬಿದ್ದುಕೊಂಡು ಅವರು ದಿನಗಳನ್ನು ಕಳೆದರು. ಪರಮೇಶ್ವರಿ ಪೇಪರ್ ಓದಿ ಹೇಳಿದರು, ಹೊತ್ತು ಹೊತ್ತಿಗೆ ಮದ್ದಿನ ಹನಿ ಬಿಟ್ಟರು, ಪಾಯಸವನ್ನೂ ಸ್ಟ್ರಾದಲ್ಲಿ ಕುಡಿಸಿದರು. ಇಬ್ಬರೂ ಕಣ್ಣಿನ ಮಾತು ಬಿಟ್ಟು ಉಳಿದೆಲ್ಲ ಮಾತಾಡಿದರು.

"ಪುತ್ತೂರಿನವರಿಗೆ ಬರುದಿಲ್ಲ ಅಂತ ಹೇಳಿಬಿಡು," ಎಂದರು ಒಂದು ದಿನ ವಿಷ್ಣುಪ್ರಸಾದ್, ನೆಲಕ್ಕೆ ಹೇಳಿದ ಹಾಗೆ.

ಪರಮೇಶ್ವರಿ ಫೋನ್ ತೆಗೆದುಕೊಂಡು ಹೊರಗೆ ಹೋದರು. ಆದರೆ ಅವರು ಫೋನ್ ಮಾಡಿದ್ದು ಪುತ್ತೂರಿಗಲ್ಲ, ಅಬೂಬಕರ್‌ಗೆ. ಮೊದಲನೆಯ ಪ್ರದರ್ಶನವನ್ನೇ ಬಿಟ್ಟ ಮನುಷ್ಯ ಆಮೇಲೆ ಮಾಳಿಗೆ ಹತ್ತುತ್ತಾರೆಂಬ ನಂಬಿಕೆ ಅವರಿಗಿರಲಿಲ್ಲ. ಆ ವಾರವಿಡೀ ತಲೆಯ ಮೇಲೆ ಮಾಳಿಗೆಯಲ್ಲಿ ಗಾಲಿಗಳ ಸದ್ದು ಕೇಳಿಸಿತು. ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು, ದಡಬಡ ಎಂದು ಉರುಳುತ್ತಿತ್ತು. ಮೂವತ್ತು ವರ್ಷದಲ್ಲಿ ಆ ರೈಲಿನ ಗುಂಡಿ ಮುಟ್ಟದಿದ್ದ ಹೆಂಡತಿ ಗಾಡಿ ಓಡಿಸಲು ಕಲಿಯುತ್ತಿದ್ದಾಳೆಂದು ವಿಷ್ಣುಪ್ರಸಾದರಿಗೆ ತಿಳಿಯಿತು.

ಪುತ್ತೂರಿಗೆ ಹೋಗಬಹುದೇ ಎಂದು ಪರಮೇಶ್ವರಿ ಕೇಳಿದ್ದಕ್ಕೆ ಡಾಕ್ಟರ್, ತಲೆ ತಗ್ಗಿಸಿ ಕೂರುವುದಾದರೆ, ಭಾರ ಎತ್ತದೆ, ಧೂಳಿಗೆ ಕನ್ನಡಕ ಹಾಕಿಕೊಂಡು ಹೋಗಬಹುದು ಎಂದಿದ್ದರು.

ಹಾಲ್ ಜನರಿಂದ ತುಂಬಿತ್ತು. ವಿಷ್ಣುಪ್ರಸಾದರನ್ನು ಮೇಜಿನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಮೊಣಕಾಲ ಮೇಲೆ ಕೈಯಿಟ್ಟು, ತಲೆ ಬಗ್ಗಿಸಿ ಅವರು ಜನರ ಚಪ್ಪಲಿಗಳ ಬಣ್ಣ ನೋಡುತ್ತ ಕೂತರು. ಎಳೆಯುವ ಎಂಜಿನ್ನಿನ ಗುಂಡಿ ಪರಮೇಶ್ವರಿಯ ಕೈಯಲ್ಲಿ, ನೂಕುವ ಎಂಜಿನ್ನಿನದು ಅಬೂಬಕರ್ ಕೈಯಲ್ಲಿ. ಕಷ್ಟವಿದ್ದದ್ದೇ ಅಲ್ಲಿ. ಎರಡರ ವೇಗ ಒಂದೇ ಇರಬೇಕು. ಹಿಂದಿನದು ಸ್ವಲ್ಪ ಜಾಸ್ತಿ ನೂಕಿದರೂ ನಡುವಿನ ಡಬ್ಬಿಗಳು ಮುದುಡಿ ಹಳಿ ತಪ್ಪುತ್ತವೆ.

ಮೊದಲ ಸಲ ಗಾಡಿ ಸುರಂಗ ದಾಟಿ ಸೇತುವೆಗೆ ಬಂತು. ಜನ ಮೊಬೈಲ್ ಎತ್ತಿ ಹಿಡಿದರು. ಅಷ್ಟರಲ್ಲಿ ಅಬೂಬಕರ್ ಉತ್ಸಾಹದಲ್ಲಿ ಗುಂಡಿ ತುಸು ಹೆಚ್ಚು ತಿರುಗಿಸಿದರು. ಡಬ್ಬಿಗಳು ಒಂದರ ಮೇಲೊಂದು ವಾಲಿ ಸೇತುವೆಯಿಂದ ಕೆಳಗಿನ ಹಸಿರು ಹುಡಿಯ ಕಾಡಿಗೆ ಬಿದ್ದವು. ಯಾರೋ ನಕ್ಕರು. "ಹೆಂಗಸರ ಕೈಯಲ್ಲಿ ಕೊಟ್ರೆ ಹೀಗೆಯೇ," ಎಂದರು ಇನ್ಯಾರೋ.

"ಹೆಂಗಸರ ಕೈಯದ್ದಲ್ಲ ಮಾರಾಯ್ರೆ, ನನ್ನ ಕೈಯದ್ದು," ಎಂದು ಅಬೂಬಕರ್ ಗಟ್ಟಿಯಾಗಿ ಹೇಳಿದರು.

ಎರಡನೆಯ ಸಲವೂ ಅದೇ ಆಯಿತು. ಪರಮೇಶ್ವರಿ ಬಿದ್ದ ಡಬ್ಬಿಗಳನ್ನು ಒಂದೊಂದಾಗಿ ಹಳಿಗೆ ಕೂರಿಸುತ್ತಿದ್ದಾಗ ಪಕ್ಕದಿಂದ ಗಂಡನ ದನಿ ಬಂತು.

"ಹಿಂದಿನ ಎಂಜಿನ್ ನನಗೆ ಕೊಡು."

"ನಿಮಗೆ ಕಾಣುದಿಲ್ಲ."

"ಕಾಣ್ಬೇಕಾದ್ದು ಮುಂದಿನವರಿಗೆ. ಹಿಂದಿನವನಿಗೆ ಕೇಳಿದ್ರೆ ಸಾಕು. ನೀನು ಎಷ್ಟಕ್ಕೆ ಬಿಟ್ಟಿದ್ದಿ ಅಂತ ಹೇಳ್ತಾ ಇರು."

ಅಬೂಬಕರ್ ಸಂತೋಷದಿಂದಲೇ ಆ ಗುಂಡಿಯಿದ್ದ ಪೆಟ್ಟಿಗೆಯನ್ನು ಅವರ ಮಡಿಲಲ್ಲಿಟ್ಟರು. ಪರಮೇಶ್ವರಿ ಕುರ್ಚಿಯ ಪಕ್ಕಕ್ಕೆ ಸರಿದು ನಿಂತರು.

"ಹೊರಟೆ," ಎಂದರು ಮೆಲ್ಲಗೆ. "ಎರಡಕ್ಕೆ ಬಿಟ್ಟಿದ್ದೇನೆ. ಈಗ ಮೂರು. ಸುರಂಗ ಬಂತು."

ವಿಷ್ಣುಪ್ರಸಾದ್ ತಲೆ ಬಗ್ಗಿಸಿಕೊಂಡೇ ಗುಂಡಿ ತಿರುಗಿಸಿದರು. ಡಬ್ಬಿಗಳ ಕೊಂಡಿಗಳು ಎಳೆದು ನಿಂತಾಗ ಒಂದು ಸದ್ದು, ಒತ್ತಿ ಸೇರಿದಾಗ ಇನ್ನೊಂದು. ಎರಡರ ನಡುವೆ ಗುಂಡಿ ಹಿಡಿದರು.

"ಸೇತುವೆ," ಎಂದರು ಪರಮೇಶ್ವರಿ. "ನಾನು ಕಡಿಮೆ ಮಾಡ್ತೇನೆ."

"ಮಾಡು."

ಗಾಡಿ ಸೇತುವೆ ದಾಟಿತು, ಎರಡನೆಯ ಸುರಂಗ ಹೊಕ್ಕಿತು, ಗುಡ್ಡದ ತಲೆಗೆ ಹೋಗಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಪರಮೇಶ್ವರಿಯ ಕೈ ಬೆವತು ಗುಂಡಿ ಜಾರುತ್ತಿತ್ತು. ಸೀರೆಯ ಸೆರಗಿಗೆ ಒರೆಸಿಕೊಂಡು, "ಇನ್ನೊಮ್ಮೆ ಬಿಡುವನಾ?" ಎಂದರು.

ಆ ದಿನ ಬಿಟ್ಟರು, ಮಾರನೆಯ ದಿನವೂ ಬಿಟ್ಟರು. ಕಡಬದಿಂದ ಬಂದ ಒಬ್ಬರು ಹೆಂಗಸು, ಹಿಂದಿನಿಂದ ಯಾಕೆ ಎಂಜಿನ್ ಎಂದು ಕೇಳಿದಾಗ ಪರಮೇಶ್ವರಿ ಘಾಟಿಯ ಏರಿನ ಲೆಕ್ಕದಿಂದ ಹಿಡಿದು ವಿವರಿಸತೊಡಗಿದರು. ಕೆಳಗೆ ನೋಡುತ್ತ ಕೂತಿದ್ದ ವಿಷ್ಣುಪ್ರಸಾದರಿಗೆ ಆಶ್ಚರ್ಯವಾಯಿತು. ಇಷ್ಟು ವರ್ಷ ತಾನು ಊಟದ ಹೊತ್ತಿಗೆ ಹೇಳಿದ್ದೆಲ್ಲ ಇವಳ ಕಿವಿಗೆ ಬಿದ್ದಿತ್ತು ಎಂದಾಯಿತು.

ಎರಡನೆಯ ದಿನ ಸಂಜೆ ಪ್ರದರ್ಶನ ಮುಗಿಯುವ ಹೊತ್ತಿಗೆ ಕಣ್ಣಿಗೆ ಮದ್ದಿನ ಹನಿ ಬಿಡಲೆಂದು ಪರಮೇಶ್ವರಿ ಅವರ ಮುಖ ಎತ್ತಿಸಿದರು. ಇಷ್ಟು ದಿನ ಬಲಗಣ್ಣಿನಲ್ಲಿ ಹಾಲು ಚೆಲ್ಲಿದಂಥ ಬಿಳುಪು ಬಿಟ್ಟು ಬೇರೇನೂ ಇರಲಿಲ್ಲ. ಈಗ ಎಲ್ಲಕ್ಕಿಂತ ಮೇಲೆ ಒಂದು ಗೀಟು ಅಲುಗುತ್ತಿತ್ತು, ಲೋಟದಲ್ಲಿ ನೀರಿನ ಮಟ್ಟ ಅಲುಗುವ ಹಾಗೆ. ಗೀಟಿನ ಕೆಳಗೆ ಬಿಳುಪು. ಅದರ ಮೇಲೆ, ಕೂದಲೆಳೆಯಷ್ಟು ಜಾಗದಲ್ಲಿ, ಮದುವೆ ಹಾಲ್‌ನ ಛಾವಣಿಯ ಟ್ಯೂಬ್‌ಲೈಟ್. ಅದಕ್ಕೆ ಸುತ್ತಿದ್ದ ಮದುವೆಯ ಹಳೆಯ ಬಣ್ಣದ ಕಾಗದವೂ ಕಂಡಿತು, ಗುಲಾಬಿ ಬಣ್ಣದ್ದು.

ಅವರು ಹೆಂಡತಿಗೆ ಹೇಳಲಿಲ್ಲ. ತನಗೆ ಬೇಕಾದ್ದು ತನಗೆ ಕಾಣುತ್ತಿರಬಹುದು ಎಂಬ ಹೆದರಿಕೆ. ಸುಳ್ಳು ಆಸೆ ಕೊಟ್ಟು ಆಮೇಲೆ ಅದನ್ನು ಕಿತ್ತುಕೊಳ್ಳುವುದಕ್ಕಿಂತ ಸುಮ್ಮನಿರುವುದೇ ಲೇಸು ಎನಿಸಿತು. ಆದರೆ ಮರುದಿನ ಗೀಟು ಇನ್ನೂ ಕೆಳಗಿಳಿದಿತ್ತು. ಅದರ ಮರುದಿನ ಕಿಟಕಿಯ ಸರಳುಗಳು ಕಂಡವು. ಸ್ವಲ್ಪ ಸೊಟ್ಟ, ಆದರೂ ಸರಳುಗಳೇ.

ಮಂಗಳೂರಿನಲ್ಲಿ ಡಾಕ್ಟರ್ ದೀಪ್ತಿ ಕಣ್ಣೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಪರಮೇಶ್ವರಿ ಪಕ್ಕದ ಸ್ಟೂಲಿನಲ್ಲಿ ಕೈಚೀಲ ಅಪ್ಪಿಕೊಂಡು ಕೂತಿದ್ದರು.

"ಪರದೆ ಚೆನ್ನಾಗಿ ಅಂಟಿಕೊಂಡಿದೆ," ಎಂದರು ಡಾಕ್ಟರ್. "ಗುಳ್ಳೆ ಅರ್ಧ ಕರಗಿದೆ. ಮೇಲೆ ಕಾಣ್ಲಿಕ್ಕೆ ಶುರು ಆಗಿರ್ಬೇಕಲ್ಲ ಸರ್?"

"ಆಗಿದೆ."

ಪರಮೇಶ್ವರಿ ಗಂಡನ ಕಡೆ ತಿರುಗಿದರು. "ಯಾವಾಗಿಂದ?"

"ಪುತ್ತೂರಿಂದ."

ಡಾಕ್ಟರ್ ಮಾತು ಮುಂದುವರಿಸಿದರು. ಪೂರ್ತಿ ಮೊದಲಿನ ಹಾಗೆ ಆಗಲಿಕ್ಕಿಲ್ಲ, ನೇರ ಗೆರೆಗಳು ಕೆಲವು ಕಾಲ ಡೊಂಕಾಗಿ ಕಾಣಬಹುದು. ಆದರೆ ಕಡತ ಓದಬಹುದು, ಕೋರ್ಟಿಗೆ ಹೋಗಬಹುದು. ಆಗ ಪರಮೇಶ್ವರಿ ಅಷ್ಟು ದಿನ ನುಂಗಿಕೊಂಡಿದ್ದನ್ನು ಕೇಳಿಯೇ ಬಿಟ್ಟರು.

"ಡಾಕ್ಟ್ರೆ, ಇವರು ಮನೆಯಲ್ಲಿ ಸಣ್ಣ ರೈಲು ಮಾಡ್ತಾರೆ. ಗಂಟೆಗಟ್ಲೆ ಭೂತಗನ್ನಡಿ ಹಿಡಿದು. ಅದರಿಂದ ಆದದ್ದಾ ಇದು?"

ವಿಷ್ಣುಪ್ರಸಾದರ ಬೆನ್ನು ನೆಟ್ಟಗಾಯಿತು. ಅವರೂ ಅದೇ ಪ್ರಶ್ನೆಗೆ ಹೆದರಿದ್ದರು. ಅವರೂ ಅದಕ್ಕೇ ಕೇಳಿರಲಿಲ್ಲ.

"ಇಲ್ಲಪ್ಪ," ಎಂದರು ಡಾಕ್ಟರ್. "ಪ್ರಾಯಕ್ಕೆ ಕಣ್ಣೊಳಗಿನ ಲೋಳೆ ಕುಗ್ಗಿ ಪರದೆಯನ್ನು ಎಳೆದದ್ದು. ರೈಲಿಗೂ ಅದಕ್ಕೂ ಸಂಬಂಧ ಇಲ್ಲ. ಗುಳ್ಳೆ ಪೂರ್ತಿ ಹೋದ ಮೇಲೆ ಎಷ್ಟು ಬೇಕಾದ್ರೂ ಮಾಡ್ಲಿ. ಚುಕ್ಕಿ ಕಂಡ್ರೆ ಮಾತ್ರ ಅದೇ ದಿನ ಬರ್ಬೇಕು."

ಹೊರಗೆ ಬಂದು ವರಾಂಡದ ಬೆಂಚಿನಲ್ಲಿ ಕೂತಾಗ ಪರಮೇಶ್ವರಿಯ ಕಣ್ಣಲ್ಲಿ ನೀರು ಬಂತು. ವಿಷ್ಣುಪ್ರಸಾದ್ ಕಿಸೆಯಿಂದ ಕರವಸ್ತ್ರ ತೆಗೆದುಕೊಟ್ಟರು.

"ಮೊದಲೇ ಹೇಳ್ಬಹುದಿತ್ತು ನೀವು."

"ಹೌದು. ನೀನೂ ಮೊದಲೇ ಕೇಳ್ಬಹುದಿತ್ತು."

ಪರಮೇಶ್ವರಿ ಅಳುತ್ತಲೇ ನಕ್ಕರು. ಅಬೂಬಕರ್ ಕ್ಯಾಂಟೀನಿನಿಂದ ಚಾ ಹಿಡಿದುಕೊಂಡು ಬಂದವರು ಅತ್ತದ್ದನ್ನು ನೋಡಿ ಗಾಬರಿಯಾದರು. ಪರಮೇಶ್ವರಿ, "ಎಲ್ಲ ಸರಿ ಉಂಟು ಅಬೂಬಕರ್, ಕೂತ್ಕೊಳ್ಳಿ," ಎಂದಾಗ ಅವರು ಬೆಂಚಿನ ತುದಿಯಲ್ಲಿ ಕುಸಿದು ಕೂತು, ಗಂಡ ಹೆಂಡತಿಗೆಂದು ತಂದ ಚಾವನ್ನು ತಾವೇ ಕುಡಿದುಬಿಟ್ಟರು.

"ಒಂದು ವಿಷಯ ಹೇಳ್ಲಿಕ್ಕೆ ಉಂಟು," ಎಂದರು ಪರಮೇಶ್ವರಿ, ಕಾರು ಹೊರಟ ಮೇಲೆ. "ಕೊಚ್ಚಿಯವರು ಮುಂದಿನ ವರ್ಷ ಅವರ ಪ್ರದರ್ಶನಕ್ಕೆ ಕರೆದಿದ್ದಾರೆ. ನಾನು ಬರ್ತೇವೆ ಅಂತ ಹೇಳಿಬಿಟ್ಟೆ."

"ಯಾವಾಗ ಹೇಳಿದ್ದು?"

"ಪುತ್ತೂರಲ್ಲೇ. ನಿಮ್ಮ ಕಣ್ಣು ಬರ್ತದಾ ಇಲ್ವಾ ಅಂತ ಗೊತ್ತಿರ್ಲಿಲ್ಲ. ಬಾರದಿದ್ರೂ ಹೋಗುದು ಅಂತ ಮಾಡಿದ್ದೆ."

ಸ್ವಲ್ಪ ದೂರ ಹೋದ ಮೇಲೆ ವಿಷ್ಣುಪ್ರಸಾದ್ ಪಕ್ಕಕ್ಕೆ ತಿರುಗಿದರು. ನೋಡಿದರೆ ಹೆಂಡತಿಗೆ ನಿದ್ದೆ ಬಂದಿತ್ತು. ಆಪರೇಶನ್ ಆದಂದಿನಿಂದ ಅವರು ಸರಿಯಾಗಿ ನಿದ್ದೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ತಲೆ ಕಾರಿನ ಗಾಜಿಗೆ ಒರಗಿ, ಬಾಯಿ ಸ್ವಲ್ಪ ತೆರೆದಿತ್ತು. ಅಬೂಬಕರ್ ರೇಡಿಯೊ ಆರಿಸಿ ವೇಗ ತಗ್ಗಿಸಿದರು. ಮಾಣಿ ದಾಟಿತು, ಕಬಕ ದಾಟಿತು. ಪುತ್ತೂರಿನಲ್ಲಿ ಊಟಕ್ಕೆ ನಿಲ್ಲಿಸುವುದೆಂದು ಮಾತಾಗಿತ್ತು.

"ನಿಲ್ಲಿಸುದಾ ವಕೀಲ್ರೆ?" ಎಂದು ಅಬೂಬಕರ್ ಪಿಸುಗುಟ್ಟಿದರು.

"ಬೇಡ. ಮನೆಗೇ ಹೋಗುವ. ಅವಳು ಮಲಗಲಿ."