ತಗಡಿನ ಕೆಳಗಿನ ಎರಡು ಬಾಟಲಿ

ಶನಿವಾರ ಮಧ್ಯಾಹ್ನ ಹಂಸಾ ಆ ಎರಡು ಬಾಟಲಿಗಳನ್ನು ತಂದು ಅಡುಗೆಕಟ್ಟೆಯ ಮೇಲಿಟ್ಟಾಗ ನನ್ನ ಎರಡೂ ಕೈ ಚಪಾತಿ ಹಿಟ್ಟಿನಲ್ಲಿದ್ದವು. ಬಾಟಲಿಗಳಿಗೆ ಚೀಟಿ ಇರಲಿಲ್ಲ. ಸೀಮೆಸುಣ್ಣದಲ್ಲಿ ಬರೆದ ವರ್ಷವೊಂದೇ ಇತ್ತು.

“ಅಮ್ಮಾ, ಇವು ಸೋಮವಾರದ ತನಕ ನಿನ್ನ ಹತ್ರ. ತಂಪು ಇರಬೇಕು, ಕತ್ತಲಿ ಇರಬೇಕು. ನಿನ್ನ ಸೀರಿ ಟ್ರಂಕಿನ್ಯಾಗ ಇಟ್ರೂ ನಡೀತದ.”

ನನ್ನ ಮಗಳು ನಾಸಿಕದ ಹತ್ತಿರ, ಘೋಟಿಯ ಆಚೆ ಗುಡ್ಡದ ಮೇಲಿನ ದ್ರಾಕ್ಷಿ ತೋಟವೊಂದರಲ್ಲಿ ವೈನ್ ಮಾಡುತ್ತಾಳೆ. ತೋಟ ಸರೋಜಿನಿಬಾಯಿಯವರದು. ಮಗ, ಸೊಸೆ ಎಲ್ಲರೂ ಸೇರಿ ತಾವೇ ದುಡಿಯುವ ಮನೆತನ. ಅಷ್ಟು ಎತ್ತರದಲ್ಲಿ, ಅಷ್ಟು ಮಳೆಯಲ್ಲಿ ದ್ರಾಕ್ಷಿ ಬರುವುದಿಲ್ಲ ಎಂದು ಎಲ್ಲರೂ ಅಂದಿದ್ದರು. ಬಂತು. ಮಾಲ್ಬೆಕ್ ಎಂಬ ಕಪ್ಪು ದ್ರಾಕ್ಷಿ. ಅದಕ್ಕೆ ಹಗಲಿನ ಬಿಸಿಲೂ ಬೇಕು, ರಾತ್ರಿಯ ಚಳಿಯೂ ಬೇಕಂತೆ. ಮೊದಲ ಬೆಳೆಯಲ್ಲಿ ಅರವತ್ತು ಬಾಟಲಿ ಆಗಿತ್ತು. ಅರವತ್ತಕ್ಕೂ ಬೂಚು ಒತ್ತಿದವಳು ಹಂಸಾನೇ, ಕೈಯಂತ್ರದಲ್ಲಿ. ಮೂರು ವರ್ಷ ಕಳೆದು ಉಳಿದದ್ದು ಇವೆರಡು.

ಸಂಭಾಜಿನಗರದ ದೊಡ್ಡ ಹೋಟೆಲೊಂದು ಹಳೆಯ ಬಾಟಲಿಯನ್ನೇ ಕೇಳಿತ್ತು. ಮೂರು ವರ್ಷ ಇಟ್ಟರೆ ಇದು ಹೇಗಾಗುತ್ತದೆ ಎಂದು ಅವರು ನೋಡಬೇಕಿತ್ತು. ಒಪ್ಪಿದರೆ ತೋಟದ ಮಾಲ್ಬೆಕ್ ಅವರ ವೈನ್ ಪಟ್ಟಿಗೆ ಸೇರುತ್ತದೆ. ಒಪ್ಪದಿದ್ದರೆ ಆ ಬಳ್ಳಿಗಳನ್ನು ಕಡಿದು, ತಿನ್ನುವ ದ್ರಾಕ್ಷಿಯ ಕಸಿ ಕಟ್ಟುವುದಾಗಿ ಸರೋಜಿನಿಬಾಯಿ ಹೇಳಿಬಿಟ್ಟಿದ್ದರು. ತಿನ್ನುವ ದ್ರಾಕ್ಷಿ ಬೆಳೆಯುವವರಿಗೆ ವೈನ್ ಮಾಡುವ ಹುಡುಗಿ ಯಾಕೆ ಬೇಕು?

ಜಪ ಮುಗಿಸಿ ಬಂದ ನಮ್ಮ ಅತ್ತೆ ಬಾಟಲಿ ನೋಡಿ ಬಾಗಿಲಲ್ಲೇ ನಿಂತರು.

“ದೀಪಾ ಹಚ್ಚೂ ಮನ್ಯಾಗ ಸೆರೆ ಬಾಟ್ಲಿ?”

“ಅಜ್ಜಿ, ಅದು ಸೆರೆ ಅಲ್ಲ. ವೈನ್.”

“ದ್ರಾಕ್ಷಿ ಕೊಳಿಸಿದ್ರ ಸೆರೆ ಆಗ್ದ ಏನ್ ಪಾನಕ ಆಗ್ತದೇನ? ನಿಮ್ಮ ಅಜ್ಜ ಇದ್ದಿದ್ರ ಹೊಸ್ತಿಲಾ ದಾಟಿಸ್ತಿದ್ದಿಲ್ಲ.”

“ಅಜ್ಜ ಇದ್ದಿದ್ರ ಒಂದ್ ಗುಟುಕು ಕೇಳ್ತಿದ್ರು, ನಿನಗ ಗೊತ್ತಿಲ್ಲ” ಎಂದು ಹಂಸಾ ನಕ್ಕಳು. ಅತ್ತೆ ನಗಲಿಲ್ಲ. ನಾನು ನಡುವೆ ಬಂದೆ. ಯಾವಾಗಲೂ ಹಾಗೆಯೇ. “ನಾ ನೋಡ್ಕೋತೀನಿ, ನೀ ಊಟಾ ಮಾಡು” ಎಂದು ಅವಳಿಗೆ, “ಒಳಗ ಇಡಂಗಿಲ್ರಿ” ಎಂದು ಇವರಿಗೆ.

ಹಂಸಾಳ ಜೊತೆ ಕೆಲಸ ಮಾಡುವ ಶಬಾನಾಳ ಮದುವೆ ಭಾನುವಾರ ನಾಸಿಕ್ ರೋಡಿನಲ್ಲಿ. ಊಟ ಮುಗಿಸಿ ಅವಳು ಅಲ್ಲಿಗೆ ಹೊರಟಳು. ಸೋಮವಾರ ಬೆಳಿಗ್ಗೆ ಆರಕ್ಕೆ ನಾನು ಬಾಟಲಿಗಳ ಜೊತೆ ನಾಸಿಕದ ಬಸ್ ನಿಲ್ದಾಣಕ್ಕೆ ಬರುವುದು, ಅಲ್ಲಿಂದ ಇಬ್ಬರೂ ಸಂಭಾಜಿನಗರಕ್ಕೆ ಹೋಗುವುದು ಎಂದು ಮಾತಾಯಿತು.

ಅವಳು ಹೋದ ಮೇಲೆ ಟ್ರಂಕಿನ ಬೀಗ ತೆಗೆದೆ. ಅತ್ತೆ ಪಕ್ಕದ ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ಹೊಸೆಯುವುದನ್ನು ನಿಲ್ಲಿಸಿದರು. ಟ್ರಂಕು ಮುಚ್ಚಿದೆ. ಆ ದಿನ ನನಗೆ ವಾದ ಮಾಡುವ ತ್ರಾಣ ಇರಲಿಲ್ಲ. ನಮ್ಮವರದು ಓಝರಿನ ವಿಮಾನ ಕಾರ್ಖಾನೆಯಲ್ಲಿ ಎರಡನೇ ಪಾಳಿ, ಅವರ ಡಬ್ಬಿ ಕಟ್ಟಬೇಕಿತ್ತು. ನೀರು ಬರುವ ಹೊತ್ತೂ ಆಗಿತ್ತು. ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ ಮಾಳಿಗೆಗೆ ಒಯ್ದೆ. ಅಲ್ಲಿ ತಗಡು ಹೊದಿಸಿದ ಸಣ್ಣ ಕೋಣೆಯಿದೆ. ಅದರಲ್ಲಿನ ಕಪಾಟಿನಲ್ಲಿ ನನ್ನ ಉಪ್ಪಿನಕಾಯಿ ಭರಣಿಗಳಿರುತ್ತವೆ. ಕತ್ತಲಂತೂ ಇತ್ತು. ಅರ್ಧ ಮಾತು ಉಳಿಸಿಕೊಂಡೆ ಎಂದುಕೊಂಡೆ.

ಏಪ್ರಿಲ್ ತಿಂಗಳು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಭಾನುವಾರ ಮದುವೆ ಮನೆಯ ಗದ್ದಲದ ನಡುವಿನಿಂದ ಹಂಸಾ ಫೋನ್ ಮಾಡಿದಳು. “ಅಮ್ಮಾ, ತಂಪಾದ ಕಡೆ ಇಟ್ಟೀಯಲ್ಲಾ?”

“ಇಟ್ಟೀನಿ, ಇಟ್ಟೀನಿ. ನೀ ಉಂಡಿ ಏನು?”

ಅಷ್ಟೇ ಸಲೀಸಾಗಿ ಬಂತು ಬಾಯಿಂದ. ಇಪ್ಪತ್ತೇಳು ವರ್ಷ ಈ ಮನೆಯಲ್ಲಿ ಅವರವರಿಗೆ ಬೇಕಾದ್ದನ್ನು ಅವರವರಿಗೆ ಹೇಳುತ್ತಾ ಬಂದವಳು ನಾನು.

ಸೋಮವಾರ ಬಸ್ಸಿನಲ್ಲಿ ಹಂಸಾ ಯೇವಲಾ ದಾಟುವ ತನಕ ಮಾತಾಡಿದಳು. ಬಾಟಲಿ ತೆರೆದಾಗ ಮೊದಲು ನೇರಳೆ ಹಣ್ಣಿನ ವಾಸನೆ ಬರುತ್ತದಂತೆ, ಆಮೇಲೆ ಗುಡ್ಡದ ಮೊದಲ ಮಳೆಯ ವಾಸನೆ. “ನಾಲ್ಕು ವರ್ಷ ಆತು ಅಮ್ಮಾ ನಾ ಆ ಗುಡ್ಡಾ ಹತ್ತಿ” ಎಂದಳು. ಆಮೇಲೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಮದುವೆಯ ಮೆಹಂದಿ ಇನ್ನೂ ಅಂಗೈಯಲ್ಲಿ ಕೆಂಪಗಿತ್ತು.

ವೈಜಾಪುರದ ಹತ್ತಿರ ತೊಡೆಯ ಮೇಲಿನ ಚೀಲ ಒದ್ದೆಯೆನಿಸಿತು. ಮೆಲ್ಲಗೆ ಟವೆಲ್ ಬಿಚ್ಚಿದೆ. ಬಿಳಿ ಬಟ್ಟೆಯ ಮೇಲೆ ಅಂಗೈಯಗಲ ನೇರಳೆ ಕಲೆ. ಎರಡೂ ಬಾಟಲಿಗಳ ಬೂಚು ಉಗುರಿನಷ್ಟು ಮೇಲೆ ಎದ್ದಿತ್ತು. ಅದೇ ಕಪಾಟಿನಲ್ಲಿ ನನ್ನ ಭರಣಿಗಳ ಮುಚ್ಚಳ ಬೇಸಿಗೆಯಲ್ಲಿ ಹೀಗೆಯೇ ಏಳುತ್ತದೆ. ಬಿಸಿ ಒಳಗೆ ಹೋಗಿ ಏನು ಮಾಡಿದೆ ಎಂದು ಯಾರೂ ನನಗೆ ಹೇಳಬೇಕಿರಲಿಲ್ಲ.

ಎಬ್ಬಿಸಬೇಕೆಂದುಕೊಂಡೆ. ಇನ್ನೊಂದು ಊರು ದಾಟಲಿ ಎಂದುಕೊಂಡೆ. ಊರುಗಳು ದಾಟುತ್ತಲೇ ಹೋದವು. ಅವಳು ಎದ್ದಾಗ ಟವೆಲ್ ಮತ್ತೆ ಬಿಗಿಯಾಗಿ ಸುತ್ತಿತ್ತು.

ಹೋಟೆಲಿನಲ್ಲಿ ವೈನ್ ಆರಿಸುವವಳು ರೂಪಾ ಎಂಬ ಹೆಂಗಸು. ಮೂವತ್ತೈದರ ಆಸುಪಾಸು, ಮೋಟು ಕೂದಲು. ಮರಾಠಿಯಲ್ಲಿ ಮಾತಾಡುತ್ತಿದ್ದಳು. ನನ್ನನ್ನು “ಕಾಕೂ” ಎಂದು ಕರೆದು ಕೂರಿಸಿ ನೀರು ತರಿಸಿದಳು. ಮೂರು ಗಾಜಿನ ಲೋಟಗಳು ಸಿದ್ಧವಾಗಿದ್ದವು.

ಹಂಸಾ ಟವೆಲ್ ಬಿಚ್ಚಿದಳು. ಅವಳ ಕೈ ಅಲ್ಲೇ ನಿಂತಿತು.

ರೂಪಾ ಬಾಟಲಿಯನ್ನು ಎತ್ತಿಕೊಂಡು ಬೂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ತೆರೆದು ಸ್ವಲ್ಪ ಸುರಿದು, ಮೂಗಿನ ಹತ್ತಿರ ಹಿಡಿದಳು. ನಾನಿದ್ದಲ್ಲಿಗೂ ವಾಸನೆ ಬಂತು. ಬೆಲ್ಲದ ಪಾಕ ತಳ ಹಿಡಿದಂಥ ವಾಸನೆ. ಎರಡನೆಯದನ್ನೂ ತೆರೆದಳು. ಅದೂ ಹಾಗೆಯೇ.

“ಬೂಚು ಹಾಕಿದ್ದು ಯಾರು?”

“ನಾನೇ” ಎಂದಳು ಹಂಸಾ. “ಎಲ್ಲಾ ಬಾಟಲಿಗೂ ನಾನೇ. ಸರಿಯಾಗಿ ಕೂರಿಸಿಲ್ಲ ಅನ್ನಿಸುತ್ತೆ. ನನ್ನ ತಪ್ಪು.”

ಅವಳು ನನ್ನ ಕಡೆ ನೋಡಲೂ ಇಲ್ಲ. ನನ್ನ ಮೇಲೆ ಅನುಮಾನವೇ ಬರಲಿಲ್ಲ ಅವಳಿಗೆ. ತಾಯಿ ತಂಪಾದ ಕಡೆ ಇಟ್ಟೀನಿ ಅಂದಿದ್ದಳಲ್ಲ.

“ಎರಡಕ್ಕೆ ಎರಡೂ ಹೀಗಾದರೆ, ಮುಂದಿನ ಸಾವಿರ ಬಾಟಲಿಗಳನ್ನು ನಾನು ಹೇಗೆ ನಂಬಲಿ?” ರೂಪಾ ಒರಟಾಗಿ ಕೇಳಲಿಲ್ಲ. ಲೋಟವನ್ನು ದೂರ ಸರಿಸಿದಳು.

ಹಂಸಾ ತಲೆ ತಗ್ಗಿಸಿದಳು. ನಾಲ್ಕು ವರ್ಷದ ಕೆಲಸ ಅವಳ ಹೆಸರಿನಲ್ಲೇ ಹಾಳಾಗುತ್ತಿತ್ತು. ನನ್ನ ಮರಾಠಿ ತರಕಾರಿ ಸಂತೆಯ ಮರಾಠಿ. ಅದರಲ್ಲೇ ಹೇಳಿದೆ.

“ಬೂಚಿನ ತಪ್ಪಲ್ಲ. ಅವಳು ತಂಪಿನಲ್ಲಿ ಇಡು ಅಂದಿದ್ದಳು. ನಾನು ಎರಡು ದಿನ ಮಾಳಿಗೆಯ ಮೇಲೆ, ತಗಡಿನ ಕೆಳಗೆ ಇಟ್ಟೆ. ಮನೆಯೊಳಗೆ ಇಡಬಾರದು ಅಂತ ನಮ್ಮ ಅತ್ತೆಯವರ ನೇಮ. ಅವಳು ಕೇಳಿದಾಗ ಸುಳ್ಳು ಹೇಳಿದೆ. ಬಸ್ಸಿನಲ್ಲೇ ನನಗೆ ಗೊತ್ತಾಯಿತು. ಆಗಲೂ ಹೇಳಲಿಲ್ಲ.”

ಹಂಸಾ ನನ್ನನ್ನು ನೋಡಿದಳು. ಆ ನೋಟವನ್ನು ಬರೆಯಲಾರೆ.

ರೂಪಾ ಬೂಚನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. “ನಮ್ಮ ತಾಯಿಯೂ ನನ್ನ ಬಾಟಲಿ ಚೀಲವನ್ನು ದೇವರ ಕೋಣೆಯ ಹತ್ತಿರ ಬಿಡುವುದಿಲ್ಲ” ಎಂದಳು. ಆಮೇಲೆ ಹಂಸಾಗೆ ಹೇಳಿದಳು, “ಬೂಚು ಚೆನ್ನಾಗಿಯೇ ಇದೆ. ಆದರೆ ಕುಡಿಯದೆ ನಾನು ಯಾವುದನ್ನೂ ಪಟ್ಟಿಗೆ ಹಾಕಲಾರೆ. ಈ ವರ್ಷದ ಪಟ್ಟಿ ಇದೇ ವಾರ ಮುಗಿಯುತ್ತದೆ. ಮಳೆ ನಿಂತ ಮೇಲೆ ಗುಡ್ಡಕ್ಕೆ ಬರುತ್ತೇನೆ. ಪೀಪಾಯಿಯಿಂದಲೇ ರುಚಿ ನೋಡುತ್ತೇನೆ.”

ಹೊರಗೆ ಬಂದು ನಾನೇ ಸರೋಜಿನಿಬಾಯಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ, ಅದೇ ಹೆಚ್ಚು ಭಾರವಾಯಿತು. ಮೇ ತಿಂಗಳಲ್ಲಿ ಮಾಲ್ಬೆಕ್ ಬಳ್ಳಿಯ ಹನ್ನೆರಡು ಸಾಲುಗಳಲ್ಲಿ ಎಂಟನ್ನು ಕಡಿಸಿದರು. ತೀರ ಮೇಲಿನ ನಾಲ್ಕು ಸಾಲು ಉಳಿಸಿದರು. ರೂಪಾ ಬಂದು ಹೋಗುವ ತನಕ, ಎಂದರು.

ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಹಂಸಾ ಕಿಟಕಿಯ ಕಡೆ ಕೂತಳು. ವೈಜಾಪುರದ ಹತ್ತಿರ ನನ್ನ ಕಡೆ ತಿರುಗಿದಳು.

“ಅಜ್ಜಿಗೆ ಒಂದ್ ಮಾತು ಹೇಳಾಕ ನಿನಗ ಇಷ್ಟ್ಯಾಕ ಕಷ್ಟ ಅಮ್ಮಾ?”

“ದಣಿವು ಹಂಸೀ” ಎಂದೆ. ಅದು ನಿಜ. ಸಾಲದು ಎಂಬುದೂ ನಿಜ.

ಜೂನಿನಲ್ಲಿ, ಮಳೆ ಹಿಡಿಯುವ ಮೊದಲು ಅವಳು ಮತ್ತೆ ಬಂದಳು. ಚೀಲದಿಂದ ಒಂದು ಬಾಟಲಿ ತೆಗೆದು ಅಡುಗೆಕಟ್ಟೆಯ ಮೇಲಿಟ್ಟಳು. ಎರಡನೇ ಬೆಳೆಯದು.

“ಗುಡ್ಡದ ಮ್ಯಾಲೆ ಒಂದಷ್ಟು ಇಟ್ಟೀನಿ. ಇದೊಂದು ನಿನ್ನ ಹತ್ರ ಇರ್ಲಿ. ಮಳಿ ಮುಗಿಯೂ ತನಕ.”

ನಾನು ನಾದುತ್ತಿದ್ದ ಹಿಟ್ಟು ಬಿಟ್ಟು, ಕೈ ತೊಳೆದು, ಬಾಟಲಿ ಎತ್ತಿಕೊಂಡು ನೇರ ಅತ್ತೆಯ ಮಂಚದ ಹತ್ತಿರ ಹೋದೆ.

“ಅತ್ತಿಯವರ, ಇದನ್ನ ಟ್ರಂಕಿನ್ಯಾಗ ಇಡಾಕತ್ತೀನ್ರಿ. ಹಂಸಾನ ಕೆಲಸ ಇದು. ಹೊರಗ ಇಟ್ರ ಕೆಡ್ತದ.”

“ಟ್ರಂಕ್ ಯಾರದವಾ?”

“ನಂದ್ರೀ.”

“ಮತ್ತ ನನ್ನ ಯಾಕ ಕೇಳ್ತಿ?”

“ಕೇಳಾಕತ್ತಿಲ್ರಿ. ಹೇಳಾಕತ್ತೀನಿ.”

ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ನನ್ನ ಮೊಣಕಾಲುಗಳು ನೋಯುತ್ತಿದ್ದವು, ಆದರೂ ಕೆಳಗೆ ಕೂತು ಬೀಗ ತೆಗೆದೆ. ಬಾಟಲಿಯನ್ನು ನನ್ನ ಮದುವೆಯ ಇಳಕಲ್ ಸೀರೆಯಲ್ಲಿ ಸುತ್ತಿ ಮಲಗಿಸಿದೆ. ಮುಚ್ಚಳ ಹಾಕಿ ಎದ್ದು ತಿರುಗಿದಾಗ ಅವರು ಮತ್ತೆ ಬತ್ತಿ ಹೊಸೆಯತೊಡಗಿದ್ದರು.

“ಮಧ್ಯಾಹ್ನ ಆ ಕಿಟಕಿ ಬಿಸಿಲು ಟ್ರಂಕಿನ ಮ್ಯಾಲೆ ಬೀಳ್ತದ” ಎಂದರು ಅತ್ತೆ, ಯಾರಿಗೋ ಎಂಬಂತೆ. “ಪಡದಿ ಎಳಿ.”

ಪರದೆ ಎಳೆದು ಹಿಟ್ಟಿನ ಹತ್ತಿರ ವಾಪಸು ಬಂದೆ. ಮೇಲೆ ಒಣಗಿ ಹಕ್ಕಳೆ ಕಟ್ಟಿತ್ತು. ನೀರು ಚಿಮುಕಿಸಿ ಮತ್ತೆ ನಾದಿದೆ.