ಏಣಿ ಕಟ್ಟಿದ ಹಗ್ಗ

"ಬಂದ್ಳು ನೋಡ್ರಪ್ಪಾ ಮಹಾರಾಣಿ! ಎರಡು ತಿಂಗ್ಳು ಮಂಚದ ಮೇಲೆ ರಾಜ್ಯಭಾರ ಮುಗಿಸ್ಕೊಂಡು, ಈಗ ನಮ್ಮ ಮೇಲೆ ದಯೆ ಬಂದಿದೆ."

ಮೇಸ್ತ್ರಿ ಇದನ್ನು ಹೇಳಿದ್ದು ಬಾಗಿಲಿಗೆ ಅಡ್ಡ ನಿಂತು, ಒಳಗಿದ್ದ ಅಷ್ಟೂ ಹೆಂಗಸರಿಗೆ ಕೇಳುವ ಹಾಗೆ. ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಆಸ್ಪತ್ರೆಗಳ, ಲಾಡ್ಜುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ಲಾಂಡ್ರಿ ಅದು. ಹನ್ನೊಂದು ವರ್ಷ ಅಲ್ಲಿಯ ಹಬೆ ಕುಡಿದಿದ್ದೇನೆ. ನನಗಿಂತ ಹಳಬರು ಅಲ್ಲಿ ಇಬ್ಬರೋ ಮೂವರೋ ಇದ್ದಾರೆ ಅಷ್ಟೇ.

"ಏನ್ ಕಾಯಿಲೆ ಅಂದೆ?"

ಡಾಕ್ಟರಮ್ಮನ ಚೀಟಿ ಕೊಟ್ಟೆ. ಅದರಲ್ಲಿ ಖಿನ್ನತೆ ಎಂದು ಬರೆದಿತ್ತು. ಮಾತ್ರೆ ಮೈಗೆ ಒಗ್ಗುವವರೆಗೆ, ಎರಡು ವಾರ, ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ ಕೆಲಸ ಕೊಡಬೇಕು ಎಂದೂ ಬರೆದಿತ್ತು. ಮೇಸ್ತ್ರಿ ಅಕ್ಷರಕ್ಕೆ ಅಕ್ಷರ ಕೂಡಿಸಿ, ಡಂಗುರ ಸಾರುವವನ ಹಾಗೆ ಗಟ್ಟಿಯಾಗಿ ಓದಿದ.

"ಖಿನ್-ನ-ತೆ! ಜ್ವರ ಇಲ್ಲ, ಕೆಮ್ಮಿಲ್ಲ, ಒಂದು ಹನಿ ರಕ್ತ ಇಲ್ಲ. ನಮ್ಮಪ್ಪ ಸತ್ತ ಮಾರನೇ ದಿನಾನೇ ನಾನು ಡ್ಯೂಟಿಗೆ ಬಂದೋನು ಕಣೇ ಲೌಡಿ. ಬೇಜಾರಾಯ್ತು ಅಂತ ಮಲ್ಕೊಳ್ಳೋಕೆ ನಾವೇನು ಸಾಹುಕಾರ್ರಾ?"

ಯಾರೋ ಕಿಸಕ್ಕೆಂದರು. ಅವನು ಚೀಟಿಯನ್ನು ಮೇಜಿನ ಮೇಲೆ ಹಾಕಿ, ಅದರ ಮೇಲೆ ತನ್ನ ಟೀ ಲೋಟ ಇಟ್ಟ. "ಇಡೀ ದಿನ ಮಾಡಂಗಿದ್ರೆ ಇರು. ಅರ್ಧ ದಿನದ ಗಿರಾಕಿಗಳು ನಮಗೆ ಬೇಡ."

ಬಾಯಿಗೆ ನಾನೇನೂ ಕಡಿಮೆಯವಳಲ್ಲ. ಹಿಂದೆ ಆಗಿದ್ದರೆ ಅವನ ವಂಶವನ್ನೆಲ್ಲ ಅಲ್ಲೇ ಒಗೆದು ಹಿಂಡಿ ಒಣಗಹಾಕುತ್ತಿದ್ದೆ. ಆವತ್ತು ಮಾತು ಗಂಟಲವರೆಗೆ ಬಂತು, ಅಲ್ಲೇ ನಿಂತಿತು. ತಲೆ ತಗ್ಗಿಸಿ ಒಳಗೆ ಹೋದೆ.

ಅಷ್ಟು ದೂರ ಬಂದದ್ದೇ ಒಂದು ಸಾಹಸ ಎಂದು ಅವನಿಗೆ ಯಾರು ಹೇಳಬೇಕು? ಎರಡು ತಿಂಗಳು ನಾನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ನೋವಿಲ್ಲ, ಜ್ವರವಿಲ್ಲ, ಕೈ ಎತ್ತಬೇಕು ಅನ್ನಿಸುತ್ತಿರಲಿಲ್ಲ ಅಷ್ಟೇ. ತಲೆಗೂದಲು ಜಡೆಗಟ್ಟಿ, ಕೊನೆಗೆ ಅತ್ತೆ ಕತ್ತರಿ ತಂದು ಗಂಟುಗಳನ್ನೆಲ್ಲ ಕತ್ತರಿಸಿ ತೆಗೆದಳು. "ಇಡೀ ದಿನ ನೆನೆಸ್ಕೋಬೇಡಮ್ಮ, ಮುಂದಿನ ಒಂದೇ ಒಂದು ಕೆಲಸ ನೆನೆಸ್ಕೊ" ಎಂದು ಡಾಕ್ಟರಮ್ಮ ಹೇಳಿದ್ದಳು. ನಾನು ಮರೆತರೂ ಅತ್ತೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಾಯಿ ತೆರೆದರೆ ಇಡೀ ಬೀದಿಗೆ ಕೇಳುವ ಹೆಂಗಸು ಅವಳು. ಬಚ್ಚಲ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು.

"ಕಾಲು ಕೆಳಗಿಟ್ಯೇನೇ?"

"ಇಟ್ಟೆ."

"ಮುಂದಿಂದು?"

"ನಲ್ಲಿ."

"ಹಾಳಾದೋಳೇ, ನಲ್ಲಿ ಬಿಟ್ಕೊಂಡು ನಿಂತಿದೀಯ, ನೀರು ಯಾರಪ್ಪಂದು? ಮುಂದಿಂದು?"

ಹೀಗೆ ಬಾಚಣಿಗೆ, ಸೀರೆ, ಡಬ್ಬಿ, ಚಪ್ಪಲಿ. ಕೆಲಸಕ್ಕೆ ಹೊರಟ ದಿನ ಬೀದಿಯ ತಿರುವಿನವರೆಗೆ ಅವಳ ದನಿ ನನ್ನ ಬೆನ್ನಿಗೆ ಬಡಿಯುತ್ತಲೇ ಇತ್ತು. ಪಕ್ಕದ ಮನೆಯವರು ನಗುತ್ತಿದ್ದರು. ನನಗೂ ಸ್ವಲ್ಪ ನಗು ಬಂತು, ಎಷ್ಟೋ ದಿನಗಳ ಮೇಲೆ.

ಲಾಂಡ್ರಿಯ ನಡುವೆ ರೋಲರ್ ಇದೆ. ಕಾದ ಕಬ್ಬಿಣದ ಎರಡು ದೊಡ್ಡ ಉರುಳೆಗಳು. ಒಂದು ಕಡೆಯಿಂದ ಒದ್ದೆ ಬಟ್ಟೆ ತುರುಕಿದರೆ ಇನ್ನೊಂದು ಕಡೆಯಿಂದ ಒಣಗಿ ಮಟ್ಟಸವಾಗಿ ಬರುತ್ತದೆ. ಬಟ್ಟೆ ತುರುಕುವವರ ತಲೆ ಮೇಲೆ ಒಂದು ಕೆಂಪು ಹಗ್ಗ ಇಳಿಬಿಟ್ಟಿರುತ್ತದೆ. ಎಳೆದು ಹಿಡಿದಷ್ಟು ಹೊತ್ತು ರೋಲರ್ ನಿಲ್ಲುತ್ತದೆ, ಬಿಟ್ಟರೆ ಮತ್ತೆ ತಿರುಗುತ್ತದೆ. ಹಳೆಯ ಯಂತ್ರ. ಬಟ್ಟೆ ಬೀಸುವಾಗ ಹಗ್ಗಕ್ಕೆ ತಗುಲಿ ರೋಲರ್ ನಿಂತರೆ ಒಳಗಿದ್ದ ಬಟ್ಟೆ ಕರಕಲಾಗುತ್ತದೆ, ಆವತ್ತಿನ ಲೆಕ್ಕ ಹಿಂದೆ ಬೀಳುತ್ತದೆ. ಅದಕ್ಕೇ ಮೇಸ್ತ್ರಿ ಒಂದು ದಿನ, "ಏಣಿ, ಬಾರೇ ಇಲ್ಲಿ, ಇದನ್ನ ಮೇಲಿನ ಪೈಪಿಗೆ ಕಟ್ಬಿಡು" ಅಂದಿದ್ದ.

ಏಣಿ ಅಂದರೆ ನಾನು. ಅಲ್ಲಿಯ ಹೆಂಗಸರಲ್ಲಿ ನಾನೇ ಎತ್ತರ. ಉಳಿದವರಿಗೆ ಸ್ಟೂಲು ಬೇಕಿದ್ದಲ್ಲಿ ನಾನು ತುದಿಗಾಲಲ್ಲಿ ನಿಂತರೆ ಸಾಕಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಬೀಗುತ್ತಾ, ಎರಡು ಗಂಟು ಹಾಕಿ ಬಿಗಿದೆ.

ಹಗ್ಗ ಕಟ್ಟಿದ ಒಂಬತ್ತನೇ ದಿನಕ್ಕೆ ಗುಬ್ಬಿಯ ಕೈ ರೋಲರಿನಲ್ಲಿ ಸಿಕ್ಕಿತು. ಅವಳು ನನ್ನ ಎದೆಯವರೆಗೂ ಬರದವಳು, ಅದಕ್ಕೇ ಗುಬ್ಬಿ. ನಾನು ಇನ್ನೊಂದು ತುದಿಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅವಳು ಇನ್ನೊಂದು ಕೈ ಚಾಚಿ ಹಗ್ಗಕ್ಕಾಗಿ ಎಗರಿದ್ದನ್ನು ನೋಡಿದೆ. ಒಂದು ಸಲ, ಎರಡು ಸಲ, ಮೂರು ಸಲ ಎಗರಿದಳು. ನಾನು ಓಡಿ ಬಂದು ಗಂಟು ಬಿಚ್ಚಿ ಎಳೆಯುವಷ್ಟರಲ್ಲಿ ಬಲಗೈಯ ನಾಲ್ಕು ಬೆರಳು ಹೋಗಿದ್ದವು.

ತಪಾಸಣೆಯ ಅಧಿಕಾರಿ ಬರುವ ಹಿಂದಿನ ದಿನ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದ. "ಕಟ್ಟಿದ್ದು ಯಾರು? ನೀನು. ನಾನು ಮುಟ್ಟಿದ್ನಾ? ಇಲ್ಲ. ಒಳಗೆ ಹೋಗೋರು ಯಾರು ಅಂತ ನೀನೇ ಲೆಕ್ಕ ಹಾಕ್ಕೊ." ಮಾರನೇ ದಿನ ಅಧಿಕಾರಿ ಕೇಳಿದ, ಹಗ್ಗ ಕೆಳಗೇ ಇತ್ತೇನಮ್ಮ ಎಂದು. "ಇತ್ತು ಸಾರ್" ಅಂದೆ. ಬರೆದದ್ದಕ್ಕೆ ಸಹಿ ಹಾಕಿದೆ. ತಪ್ಪೆಲ್ಲ ಗುಬ್ಬಿಯ ಅಜಾಗರೂಕತೆಯದ್ದೇ ಆಯಿತು, ಅವಳಿಗೆ ಪರಿಹಾರ ಸಿಗಲಿಲ್ಲ. ಅದಾದ ತಿಂಗಳಿಗೆ ನಾನು ಗೋಡೆ ಕಡೆ ತಿರುಗಿ ಮಲಗಿದೆ. ಇದೊಂದೇ ಕಾರಣವಲ್ಲ, ಕಾಯಿಲೆಗೆ ನೂರು ಬೇರು ಇರುತ್ತವೆ ಎಂದು ಡಾಕ್ಟರಮ್ಮ ಅಂದಳು. ಇರಬಹುದು. ಆದರೆ ಕಣ್ಣು ಮುಚ್ಚಿದಾಗಲೆಲ್ಲ ಅವಳು ಎಗರುವುದು ಕಾಣುತ್ತಿತ್ತು.

ಕೆಲಸಕ್ಕೆ ವಾಪಸಾದ ಮೊದಲ ದಿನ ಹೇಗೋ ಕಳೆಯಿತು. ಮಡಿಸುವ ಮೇಜಿಗೆ ಹಾಕಿದ್ದರು. ಮಾತ್ರೆಗೆ ಕೈ ನಡುಗುತ್ತಿತ್ತು, ಅಂಚಿಗೆ ಅಂಚು ಕೂಡುತ್ತಿರಲಿಲ್ಲ. ಎದುರಿಗಿದ್ದವಳು ನನ್ನ ಬಟ್ಟೆಗಳನ್ನು ಮತ್ತೆ ಮಡಿಸಿದಳು. ಒಂದು ಗಂಟೆಯಾದ ಮೇಲೆ ಕಣ್ಣಿಗೆ ಮಂಪರು ಕವಿಯಿತು. ಆರು ಗಂಟೆಯವರೆಗೆ ನಿಂತೆ. ಹೇಗೆ ನಿಂತೆನೋ, ನನಗೇ ಗೊತ್ತಿಲ್ಲ.

ಎರಡನೇ ದಿನ ಮಡಿಸೋದು ನಿನ್ನ ಕೈಲಾಗಲ್ಲ ಎಂದು ಮೇಸ್ತ್ರಿ ಕೊಳೆ ಕೋಣೆಗೆ ಕಳಿಸಿದ. ಬಂದ ಮೂಟೆಗಳನ್ನು ಬಿಚ್ಚಿ ವಿಂಗಡಿಸುವ ಜಾಗ. ಅಲ್ಲಿ ಗುಬ್ಬಿ ಇದ್ದಳು. ಎಡಗೈಯಿಂದ ಮೂಟೆ ಹಿಡಿದು, ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು. ಆಸ್ಪತ್ರೆಯ ಮೂಟೆ.

"ಕೊಡೇ, ನಾನು ಬಿಚ್ತೀನಿ" ಅಂದೆ.

"ಬೇಡ. ನಿನ್ನ ಕೈ ಗಂಟು ಹಾಕೋಕೆ ಮಾತ್ರ ಚೆಂದ."

ಪಕ್ಕದಲ್ಲಿ ಕೂತೆ. ಅವಳು ಹೊಲಸು ಬಟ್ಟೆಯನ್ನು ರಪ್ಪನೆ ಬುಟ್ಟಿಗೆ ಎಸೆದಳು. "ಏನೋ ಕಾಯಿಲೆಯಂತಲ್ಲ ನಿಂಗೆ? ಏನೇ ಆಗಿದೆ? ಹತ್ತೂ ಬೆರಳು ನೆಟ್ಟಗಿದಾವೆ. ನಾನು ನಾಲ್ಕು ಕಳ್ಕೊಂಡು ಹದಿನೈದೇ ದಿನಕ್ಕೆ ಬಂದೆ, ಮನೇಲಿ ಒಲೆ ಉರೀಬೇಕಿತ್ತು. ನೀನು ಎಲ್ಲಾ ಇಟ್ಕೊಂಡು ಎರಡು ತಿಂಗ್ಳು ಬಿದ್ಕೊಂಡಿದ್ದೆ."

ಕೋಪ ಬಂತು. ನಿನಗೇನು ಗೊತ್ತು ನನ್ನ ಸಂಕಟ ಅನ್ನಬೇಕೆನಿಸಿತು. ಆದರೆ ಯಾವ ಮುಖ ಇಟ್ಟುಕೊಂಡು ಅನ್ನಲಿ? ಒಂದು ದಿನವಾದರೂ ಅವಳ ಮನೆ ಬಾಗಿಲಿಗೆ ಹೋಗಿದ್ದೆನೇ? ಅವಳು ಇನ್ನೊಂದು ಗಂಟಿಗೆ ಬಾಯಿ ಹಾಕಿದಳು. ನಾನು ನನ್ನ ಪಾಲಿನ ಮೂಟೆ ಎಳೆದುಕೊಂಡೆ.

ಮೂರನೇ ದಿನ ಮಧ್ಯಾಹ್ನ ಪಾಯಿಖಾನೆಗೆ ಹೋದವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಳುತ್ತಿರಲಿಲ್ಲ, ನಿದ್ದೆಯೂ ಅಲ್ಲ. ಏಳಬೇಕು ಎಂದು ಗೊತ್ತಿತ್ತು, ಏಳುವುದು ಹೇಗೆ ಎಂದು ಮರೆತುಹೋಗಿತ್ತು. ಯಾರೋ ಬಾಗಿಲು ದಬದಬ ಬಡಿದರು.

"ಏನೇ, ಒಳಗೆ ಹೆರಿಗೆ ಆಗ್ತಿದೆಯಾ? ಸೂಲಗಿತ್ತಿ ಕಳಿಸ್ಲಾ?" ಮೇಸ್ತ್ರಿಯ ದನಿ. ಹೊರಗೆ ನಗು. "ಬೋಳಿ, ಬಾಗಿಲು ತೆಗೀತೀಯೋ ಒಡೀಲೋ?"

ಸಂಜೆ ಮನೆಗೆ ಹೋಗಿ ಚಪ್ಪಲಿ ಸಮೇತ ಹಾಸಿಗೆಗೆ ಬಿದ್ದೆ. ಗೋಡೆ ಕಡೆಗೇ ತಿರುಗಿದೆ. ಅತ್ತೆ ಬಂದು ನೋಡಿದವಳು ಕೂಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಮಂಚದ ತುದಿಯಲ್ಲಿ ಕೂತು ನನ್ನ ಚಪ್ಪಲಿ ಕಳಚಿದಳು.

"ಇನ್ನೊಂದ್ಸಲ ಇಲ್ಲಿ ಬಿದ್ರೆ ನೀನು ಏಳಲ್ಲ ಕಣೇ. ನಂಗೂ ಎಬ್ಸೋ ತ್ರಾಣ ಇಲ್ಲ" ಅಂದಳು. "ಆ ಬೋಳಿಮಗಂಗೆ ಹೇಳು, ಅರ್ಧ ದಿನ ಕೊಡು ಅಂತ. ಕಾಲು ಹಿಡಿ ಬೇಕಾದ್ರೆ. ನಿನ್ನ ಜೀವಕ್ಕಿಂತ ಅವನ ಕಾಲು ದೊಡ್ದಲ್ಲ."

ನಾಲ್ಕನೇ ದಿನ ಬೆಳಿಗ್ಗೆ ಕಾಲು ಹಿಡಿಯುವ ಲೆಕ್ಕದಲ್ಲೇ ಹೋದೆ. ಅವನ ಮೇಜಿನ ಮೇಲೆ ನನ್ನ ಚೀಟಿ ಇನ್ನೂ ಇತ್ತು, ಮೇಲೆ ಲೋಟದ ನಾಲ್ಕೈದು ಬಳೆಗುರುತು.

"ಮೇಸ್ತ್ರಿ, ಎರಡೇ ವಾರ. ಒಂದು ಗಂಟೆವರ್ಗೂ ಮೈ ಮುರ್ದು ಮಾಡ್ತೀನಿ. ಆಮೇಲೆ ಬಿಟ್ಬಿಡಿ. ನನ್ ಕೈಲಿ ಆಗ್ತಿಲ್ಲ." ಹೇಳುತ್ತಾ ಕಣ್ಣಲ್ಲಿ ನೀರು ಬಂತು. ಅವನೆದುರಿಗೆ ಅತ್ತದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು.

ಅವನು ಕುರ್ಚಿಗೆ ಒರಗಿದ. ಇಡೀ ಲಾಂಡ್ರಿಯಲ್ಲಿ ಇರುವ ಕುರ್ಚಿ ಅದೊಂದೇ. ದನಿ ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು.

"ಅಯ್ಯೋ ಅದಕ್ಕೇನಂತೆ, ಕೊಡೋಣ. ನಾನೇನು ರಾಕ್ಷಸನಾ? ನೀನೂ ಒಂದು ಸಣ್ಣ ಉಪಕಾರ ಮಾಡು. ತಪಾಸಣೆ ಸಾಹೇಬ್ರು ಬಂದು ಹೋಗಿ ಮೂರು ತಿಂಗ್ಳಾಯ್ತು, ಇನ್ ಬರಲ್ಲ. ಆ ಹಗ್ಗದ ಕಾಟ ಮತ್ತೆ ಶುರುವಾಗಿದೆ, ದಿನಾ ಹತ್ತು ಬಟ್ಟೆ ಸುಡ್ತಿವೆ. ಹೋಗಿ ಕಟ್ಬಿಡು. ಒಂದು ಗಂಟೆಗೆ ಮನೆಗೆ ಹೋಗು, ಯಾರೂ ಕೇಳಲ್ಲ."

"ನೀವೇ ಕಟ್ಬೋದಲ್ಲ."

"ನೀನು ಏಣಿ ಇದೀಯಲ್ಲೇ" ಎಂದು ನಕ್ಕ.

ರೋಲರಿನ ಕಡೆ ನಡೆದೆ. ಅರ್ಧ ದಿನ ಸಿಕ್ಕರೆ ಬದುಕುತ್ತೇನೆ, ಇದು ನನಗೆ ಸ್ಪಷ್ಟವಾಗಿತ್ತು. ಒಂದು ಗಂಟೆಗೆ ಮನೆ, ಮಾತ್ರೆಯ ಮಂಪರಿಗೆ ಸ್ವಲ್ಪ ನಿದ್ದೆ, ಎದ್ದರೆ ಅತ್ತೆಯ ಬಾಯಿ. ಎರಡು ಗಂಟು ಹಾಕಿದರೆ ಅಷ್ಟೂ ನನ್ನದು. ಹಗ್ಗಕ್ಕೆ ಕೈ ಹಾಕಿದೆ. ಕೆಳಗೆ ಬಟ್ಟೆ ತುರುಕುತ್ತಿದ್ದವಳು ಬಗ್ಗಿ ಜಾಗ ಬಿಟ್ಟಳು. ಅವಳೂ ಕುಳ್ಳಿ. ನನ್ನ ಕೈಯನ್ನೇ ನೋಡುತ್ತಿದ್ದಳು.

ಮುಂದಿಂದು? ಅತ್ತೆ ಕಿವಿಯಲ್ಲಿ ಕೂಗಿದಂತಾಯಿತು. ಮುಂದಿಂದೇನೇ, ಹಾಳಾದೋಳೇ?

ಎಳೆದೆ.

ರೋಲರ್ ಗರಗರ ಎಂದು ನಿಂತಿತು. ಅದರ ಸದ್ದು ನಿಂತ ಮೇಲೆ ನಲ್ಲಿ ತೊಟ್ಟಿಕ್ಕುವುದೂ ಕೇಳುತ್ತಿತ್ತು. ಮೇಸ್ತ್ರಿ ಎದ್ದು ಓಡಿ ಬಂದ.

"ಏಯ್! ಕಟ್ಟು ಅಂದ್ರೆ ಎಳೀತೀಯಾ? ತಲೆ ಪೂರ್ತಿ ಕೆಟ್ಟಿದೆಯಾ? ಬಿಡೇ! ಒಳಗೆ ಬಟ್ಟೆ ಸುಡ್ತಿದೆ!"

"ಸುಡ್ಲಿ."

ನಾಲ್ಕು ದಿನ ಗಂಟಲಲ್ಲಿ ನಿಂತಿದ್ದ ಮಾತು ಈಗ ಹೊರಗೆ ಬಂತು. "ಕೇಳ್ರೇ ಎಲ್ರೂ. ಆವತ್ತು ಹಗ್ಗ ಕೆಳಗಿರ್ಲಿಲ್ಲ, ಮೇಲಿತ್ತು. ಕಟ್ಟಿದ್ದು ನಾನು. ಕಟ್ಸಿದ್ದು ಈ ಬೋಳಿಮಗ. ಸಾಹೇಬ್ರ ಮುಂದೆ ಸುಳ್ಳು ಹೇಳಿ ಸಹಿ ಹಾಕ್ದೋಳೂ ನಾನೇ. ಈಗ ಮತ್ತೆ ಕಟ್ಟು ಅಂತಾನೆ. ಕಟ್ಟಿದ್ರೆ ಅರ್ಧ ದಿನ ರಜೆ ಕೊಡ್ತಾನಂತೆ."

ಮೇಸ್ತ್ರಿ ಕೈ ಎತ್ತಿದ. ಹೆಂಗಸರು ಒಬ್ಬೊಬ್ಬರೇ ಮೇಜು ಬಿಟ್ಟು ಹತ್ತಿರ ಬಂದು ನಿಂತಿದ್ದರು. ಅವನು ಎತ್ತಿದ ಕೈಯಿಂದ ಬೆವರು ಒರೆಸಿಕೊಂಡ.

"ನಿನ್ನ ಕೆಲಸ ಹೋಯ್ತು ತಿಳ್ಕೊ. ಮ್ಯಾನೇಜರ್ನ ಕರೀತೀನಿ. ಪೊಲೀಸ್ನೂ ಕರೀತೀನಿ."

"ಕರಿ. ಆ ಸಾಹೇಬ್ರನ್ನೂ ಕರಿ, ಇನ್ನೊಂದು ಸಹಿ ಹಾಕೋದಿದೆ. ಒಂದು ಗಂಟೆವರ್ಗೂ ನನ್ನ ಡ್ಯೂಟಿ, ಚೀಟೀಲಿ ಬರ್ದಿದೆ. ಅಲ್ಲಿವರ್ಗೂ ಇಲ್ಲೇ ಹಿಡ್ಕೊಂಡು ನಿಂತಿರ್ತೀನಿ."

ಅವನು ಬೈಯುತ್ತಾ ಹೊರಗೆ ಓಡಿದ. ರೋಲರಿನ ಬಾಯಲ್ಲಿ ಸಿಕ್ಕಿದ್ದ ಬಟ್ಟೆ ಹಳದಿಯಾಗಿ, ಕಂದಾಗಿ, ಹೊಗೆಯಾಡತೊಡಗಿತು. ಮಾತ್ರೆಯ ನಡುಕ ಹಗ್ಗಕ್ಕೂ ಹತ್ತಿ ಅದು ತುದಿಯವರೆಗೆ ಅದುರುತ್ತಿತ್ತು. ಬಿಟ್ಟುಬಿಡುತ್ತೇನೇನೋ ಎಂದು ಭಯವಾಯಿತು.

ಹಿಂದಿನಿಂದ ನೆಲಕ್ಕೆ ಏನೋ ಎಳೆಯುವ ಸದ್ದು ಬಂತು. ಗುಬ್ಬಿ. ಮೇಸ್ತ್ರಿಯ ಕುರ್ಚಿಯನ್ನು ಎಡಗೈಯಲ್ಲಿ ದರದರ ಎಳೆದುಕೊಂಡು ಬಂದು ನನ್ನ ಮಂಡಿ ಹಿಂದೆ ತಾಗಿಸಿದಳು.

"ನಿನ್ನ ಮೇಲಿನ ಸಿಟ್ಟು ಹೋಯ್ತು ಅನ್ಕೋಬೇಡ" ಅಂದಳು. "ಕೂತ್ಕೊ. ಒಂದು ಗಂಟೆಗೆ ಇನ್ನೂ ಬಹಳ ಹೊತ್ತಿದೆ."

ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು. ಹಗ್ಗ ಬಿಡದೆ ಕೂತೆ.